ಗುಂಪಿನಲ್ಲಿ ಹಾಕುವ ಹೂವಿನ ಫೋಟೋ ನನಗೆ ಮಾತ್ರ ಯಾಕೆ ಸರಿಯಾಗಿ ಕಾಣುತ್ತಿಲ್ಲ?

ನೀವು ಕೇಳಿರುವುದು ಇಷ್ಟು. ಎರಡು ಹೂಗಿಡದ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇದ್ದೀರಿ. ಬೇರೆಯವರು ಹಾಕುವ ಫೋಟೋಗಳಲ್ಲಿ ಕೆಲವು ಮಸುಕಾಗಿಯೇ ಉಳಿಯುತ್ತವೆ. ಕೆಲವು ಲಿಂಕ್ ಒತ್ತಿದರೆ ಅನುಮತಿ ಬೇಕು ಅನ್ನುತ್ತವೆ. ತೆರೆದ ಫೋಟೋಗಳಲ್ಲೂ ಬಣ್ಣ ಬೇರೆ ಥರ ಕಾಣುತ್ತದೆ. ಉಳಿದವರೆಲ್ಲ ‘ಎಷ್ಟು ಚೆಂದ’ ಅನ್ನುವಾಗ ನಿಮಗೆ ಮಾತ್ರ ಏನೂ ಕಾಣುವುದಿಲ್ಲ. ಫೋನ್ ಐದು ವರ್ಷ ಹಳೆಯದು, ಹೊಸದು ತಗೋಬೇಕಾ?

ಬೇಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಒಂದು ನಿಮ್ಮ ಸೆಟ್ಟಿಂಗ್‌ನಲ್ಲಿದೆ. ಉಳಿದೆರಡು ಹೆಚ್ಚಿನಂಶ ಫೋಟೋ ಕಳಿಸುವವರ ಕಡೆ ಇವೆ. ಹೊಸ ಫೋನಿಗೆ ಇಪ್ಪತ್ತು ಸಾವಿರ ಸುರಿದರೂ ಅವು ಹಾಗೇ ಇರುತ್ತವೆ.

ನಾನು ಸಾಗರದ ಕಡೆಯವಳು. 2017ರಿಂದ ಒಂದು ಹೂಗಿಡದ ಗುಂಪನ್ನು ನೋಡಿಕೊಳ್ಳುತ್ತಿದ್ದೇನೆ. ನಮ್ಮ ಕಡೆ ಮಳೆಗಾಲ ಅಂದರೆ ಡೇರೆ ಹೂವಿನ ಕಾಲ. ಅಂಗಳದ ತುಂಬ ಡೇರೆ ಬೆಳೆಸುತ್ತಾರೆ. ನೆಂಟರ ಮನೆಗೆ ಹೋದವರು ವಾಪಸ್ ಬರುವಾಗ ಕೈಯಲ್ಲಿ ಒಂದು ಡೇರೆ ಗಡ್ಡೆಯೋ ದಾಸವಾಳದ ಕಡ್ಡಿಯೋ ಇರಲೇಬೇಕು. ಈಗ ಆ ಕೊಡು-ತಗೊಳ್ಳುವಿಕೆ ಫೋಟೋದಿಂದ ಶುರುವಾಗುತ್ತದೆ. ‘ಇದರ ಗಡ್ಡೆ ಇದ್ದರೆ ನನಗೊಂದು ಇಡಿ’ ಅಂತ ಕೇಳಬೇಕಾದರೆ ಹೂವು ಕಾಣಬೇಕಲ್ವಾ? ಹಾಗಾಗಿ ನಿಮ್ಮ ಪ್ರಶ್ನೆ ನನಗೆ ಸಣ್ಣದು ಅನ್ನಿಸಲಿಲ್ಲ.

ಮೊದಲು ಮಸುಕಾದ ಫೋಟೋ ವಿಷಯ. ಗುಂಪಿಗೆ ಫೋಟೋ ಬಂದಾಗ ನಿಮ್ಮ ಫೋನಿಗೆ ಮೊದಲು ಬರುವುದು ಅದರ ಪುಟ್ಟ, ಮಬ್ಬು ನಕಲು ಮಾತ್ರ. ಪಾರ್ಸೆಲ್ ಬಂದಿದೆ ಅಂತ ಪೋಸ್ಟ್‌ಮ್ಯಾನ್ ಚೀಟಿ ಕೊಟ್ಟು ಹೋದ ಹಾಗೆ. ನಿಜವಾದ ಫೋಟೋ ಸರ್ವರ್‌ನಲ್ಲಿ, ಅಂದರೆ ವಾಟ್ಸ್ಆ್ಯಪ್‌ನವರ ಕಂಪ್ಯೂಟರಿನಲ್ಲಿ ಇರುತ್ತದೆ. ಅದರ ಮೇಲಿರುವ ಬಾಣದ ಗುರುತು ಒತ್ತಿದರೆ ಇಳಿಯುತ್ತದೆ. ತಾನಾಗಿಯೇ ಇಳಿಯಬೇಕು ಅಂದರೆ ವಾಟ್ಸ್ಆ್ಯಪ್ ಸೆಟ್ಟಿಂಗ್ಸ್ ಒಳಗೆ ‘ಸ್ಟೋರೇಜ್ ಅಂಡ್ ಡೇಟಾ’ ಅನ್ನುವ ಜಾಗಕ್ಕೆ ಹೋಗಿ. ಮೊಬೈಲ್ ಡೇಟಾ ಇದ್ದಾಗ ಏನು ಇಳಿಯಬೇಕು, ವೈಫೈ ಇದ್ದಾಗ ಏನು, ರೋಮಿಂಗ್‌ನಲ್ಲಿ ಏನು ಅಂತ ಬೇರೆ ಬೇರೆ ಆಯ್ಕೆ ಇದೆ. ಫೋಟೋಗೆ ಮಾತ್ರ ಟಿಕ್ ಹಾಕಿ, ವಿಡಿಯೋಗೆ ಬೇಡ. ಯಾರೋ ಡೇಟಾ ಉಳಿಸಲು ಟಿಕ್ ತೆಗೆದಿರುತ್ತಾರೆ. ಎಷ್ಟೋ ಮನೆಗಳಲ್ಲಿ ಮಕ್ಕಳು ಊರಿಗೆ ಬಂದಾಗ ಅಪ್ಪ ಅಮ್ಮನ ಫೋನ್ ‘ಸರಿ ಮಾಡಿ’ ಹೋದ ಮೇಲೆ ಈ ತೊಂದರೆ ಶುರುವಾಗುತ್ತದೆ.

ಬಾಣ ಒತ್ತಿದರೂ ಇಳಿಯದಿದ್ದರೆ ಎರಡು ಕಡೆ ನೋಡಿ. ಫೋನಿನಲ್ಲಿ ಜಾಗ ತುಂಬಿದೆಯಾ ಅನ್ನುವುದು ಎಲ್ಲರಿಗೂ ಹೊಳೆಯುತ್ತದೆ. ಇನ್ನೊಂದು ಬೇಗ ಹೊಳೆಯುವುದಿಲ್ಲ. ಫೋನಿನ ತಾರೀಕು ಮತ್ತು ಸಮಯ. ಅದು ತಪ್ಪಿದ್ದರೆ ವಾಟ್ಸ್ಆ್ಯಪ್ ಸರ್ವರ್ ಜೊತೆ ಸಂಪರ್ಕ ಸಿಗದೆ ಫೋಟೋ ಇಳಿಯುವುದಿಲ್ಲ. ಬ್ಯಾಟರಿ ಪೂರ್ತಿ ಖಾಲಿಯಾಗಿ ಮತ್ತೆ ಹೊತ್ತಿಕೊಂಡ ಹಳೆ ಫೋನಿನಲ್ಲಿ ತಾರೀಕು ಹಿಂದೆ ಹೋಗಿರುವುದನ್ನು ನಾನು ಎರಡು ಸಲ ಕಂಡಿದ್ದೇನೆ. ತಾರೀಕನ್ನು ‘ಆಟೋಮ್ಯಾಟಿಕ್’ಗೆ ಹಾಕಿಬಿಡಿ.

ಇನ್ನು, ಬಂದ ಫೋಟೋವನ್ನು ನಾಳೆ ನೋಡಿದರಾಯಿತು ಅಂತ ಬಿಡಬೇಡಿ. ವಾಟ್ಸ್ಆ್ಯಪ್ ಫೋಟೋಗಳನ್ನು ಸರ್ವರ್‌ನಲ್ಲಿ ಸ್ವಲ್ಪ ಕಾಲ ಮಾತ್ರ ಇಡುತ್ತದೆ. ಆಮೇಲೆ ಬಾಣ ಒತ್ತಿದರೆ, ಕಳಿಸಿದವರಿಗೆ ಮತ್ತೊಮ್ಮೆ ಕಳಿಸಲು ಹೇಳಿ ಅನ್ನುವ ಸಂದೇಶ ಬರುತ್ತದೆ. ಇದು ನನಗೆ ಹೇಗೆ ಗೊತ್ತಾಯಿತು ಅಂತ ಹೇಳಬೇಕು.

2022ರ ಮಳೆಗಾಲ. ನಮ್ಮ ಗುಂಪಿನಲ್ಲಿ ಹೊಸನಗರ ಕಡೆಯ ಒಬ್ಬರು ಹಿರಿಯ ಅಮ್ಮ ಇದ್ದಾರೆ. ಅವರು ಒಂದು ಡೇರೆ ಹೂವಿನ ಫೋಟೋ ಹಾಕಿದರು. ಕೆಳಗೆ ‘ನಮ್ಮಮ್ಮ ನೆಟ್ಟಿದ್ದು. ತವರಿನಿಂದ ತಂದಿದ್ದೆ. ಇದೊಂದೇ ಬುಡ ಉಳಿದಿದೆ’ ಅಂತ ಬರೆದಿದ್ದರು. ಆ ವಾರ ನಮ್ಮಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಟವರ್ ಕೂಡ ಸತ್ತಿತ್ತು. ನಾಲ್ಕನೇ ದಿನ ಗುಡ್ಡದ ತಿರುವಿನಲ್ಲಿ ನಿಂತು ಫೋನ್ ತೆರೆದರೆ ನೂರಾರು ಮೆಸೇಜ್. ಬರಹ ಓದಿದೆ, ಫೋಟೋ ಇಳಿಸಿಕೊಳ್ಳಲಿಲ್ಲ. ಮನೆಗೆ ಬಂದ ಮೇಲೆ ಮರೆತೆ.

ನವರಾತ್ರಿ ಹೊತ್ತಿಗೆ ಆ ಅಮ್ಮನೇ ಫೋನ್ ಮಾಡಿದರು. ಆ ಸಲದ ಮಳೆಗೆ ಗಡ್ಡೆ ಕೊಳೆತುಹೋಗಿತ್ತು. ಅವರ ಫೋನ್ ನೀರಿಗೆ ಬಿದ್ದು ಹಾಳಾಗಿತ್ತು. ‘ಆ ಫೋಟೋ ನಿನ್ನ ಹತ್ತಿರ ಇರಬೇಕಲ್ಲ ಮಗಾ’ ಅಂತ ಕೇಳಿದರು. ನಾನು ಹುಡುಕಿ ಬಾಣ ಒತ್ತಿದೆ. ಬರಲಿಲ್ಲ. ಅವತ್ತು ನನಗಾದ ಸಂಕಟ ಇಷ್ಟೇ ಅಂತ ಹೇಳಲಾರೆ.

ಆದರೆ ಒಂದು ದಾರಿ ಇತ್ತು. ನಿಮಗೂ ಅದು ಉಪಯೋಗಕ್ಕೆ ಬರುತ್ತದೆ. ಸರ್ವರ್‌ನಿಂದ ಅಳಿಸಿಹೋದರೂ, ಇಳಿಸಿಕೊಂಡ ಪ್ರತಿಯೊಬ್ಬರ ಫೋನಿನಲ್ಲೂ ಆ ಫೋಟೋ ಉಳಿದಿರುತ್ತದೆ. ಗುಂಪಿನಲ್ಲಿ ಕೇಳಿದೆ. ತೀರ್ಥಹಳ್ಳಿ ಕಡೆಯವರೊಬ್ಬರಿಗೆ ತಾನಾಗಿಯೇ ಇಳಿದಿತ್ತು, ಅವರು ಅಳಿಸಿರಲಿಲ್ಲ. ಅಲ್ಲಿಂದ ಸಿಕ್ಕಿತು. ಅದನ್ನು ಪ್ರಿಂಟ್ ಹಾಕಿಸಿ ಅಮ್ಮನಿಗೆ ಕೊಟ್ಟೆವು. ಬಿಳಿ ಎಸಳು, ತುದಿಯಲ್ಲಿ ಮಾತ್ರ ಕೆಂಪು. ಪ್ರಿಂಟ್‌ನಲ್ಲಿ ಆ ಕೆಂಪು ತುದಿಗಳು ಕಲೆಯ ಹಾಗೆ ಹರಡಿಕೊಂಡಿದ್ದವು. ಅಮ್ಮ ಬೆರಳಿನಿಂದ ಮುಟ್ಟಿ ನೋಡಿ, ‘ಇಲ್ಲಿ ಗೆರೆ ಗೆರೆ ಇತ್ತು’ ಅಂದರು.

ಆ ಗೆರೆ ಎಲ್ಲಿಗೆ ಹೋಯಿತು? ನಿಮ್ಮ ಮೂರನೇ ದೂರು, ಬಣ್ಣದ್ದು, ಇದೇ. ಸಾಮಾನ್ಯ ಫೋನ್ ಕ್ಯಾಮೆರಾದ 12 ಮೆಗಾಪಿಕ್ಸೆಲ್ ಫೋಟೋ ಅಂದರೆ ಸುಮಾರು 4000 ಚುಕ್ಕೆ ಅಗಲ, 3000 ಚುಕ್ಕೆ ಎತ್ತರ. ವಾಟ್ಸ್ಆ್ಯಪ್‌ನಲ್ಲಿ ಸುಮ್ನೆ ಕಳಿಸಿದರೆ ಅಗಲವೂ ಎತ್ತರವೂ ಅರ್ಧದ ಆಸುಪಾಸಿಗೋ ಅದಕ್ಕಿಂತ ಕಮ್ಮಿಗೋ ಇಳಿಯುತ್ತವೆ. ಅದರ ಮೇಲೆ, ಫೋಟೋ ಫೈಲನ್ನು ಚಿಕ್ಕದು ಮಾಡುವ ಜೆಪೆಗ್ ಅನ್ನುವ ವಿಧಾನದ ಕುಗ್ಗಿಸುವಿಕೆ ಬೇರೆ. ಜೆಪೆಗ್ ನಮ್ಮ ಕಣ್ಣಿನ ಒಂದು ಗುಣವನ್ನು ಬಳಸಿಕೊಳ್ಳುತ್ತದೆ. ಬೆಳಕು-ನೆರಳಿನ ಸಣ್ಣ ವ್ಯತ್ಯಾಸವೂ ನಮಗೆ ಗೊತ್ತಾಗುತ್ತದೆ. ಬಣ್ಣದ ಸಣ್ಣ ವ್ಯತ್ಯಾಸ ಅಷ್ಟು ಗೊತ್ತಾಗುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ ಅಕ್ಕಪಕ್ಕದ ನಾಲ್ಕು ಚುಕ್ಕೆಗಳ ಬೆಳಕನ್ನು ಬೇರೆ ಬೇರೆಯಾಗಿ ಇಟ್ಟು, ಬಣ್ಣವನ್ನು ನಾಲ್ಕಕ್ಕೂ ಸೇರಿಸಿ ಒಂದೇ ಮಾಡುತ್ತದೆ. ಮನುಷ್ಯರ ಮುಖಕ್ಕೆ, ಬೆಟ್ಟ ಗುಡ್ಡಕ್ಕೆ ಇದರಿಂದ ದೊಡ್ಡ ನಷ್ಟವಿಲ್ಲ. ಹೂವಿಗೆ ನಷ್ಟ. ಕೆಂಪು ದಾಸವಾಳದ ಎಸಳಿನಲ್ಲಿ ಬೆಳಕು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಅದರ ನರ, ಮಡಿಕೆ, ಗೆರೆ ಎಲ್ಲ ಇರುವುದು ಕೆಂಪಿನೊಳಗಿನ ಕೆಂಪಿನಲ್ಲಿ. ಮೊದಲು ಅಳಿಸಿಹೋಗುವುದೂ ಅದೇ. ಉಳಿಯುವುದು ಕುಂಕುಮ ಚೆಲ್ಲಿದ ಹಾಗೆ ಒಂದು ಕೆಂಪು ಮುದ್ದೆ.

2023ರ ಆಗಸ್ಟ್‌ನಿಂದ ವಾಟ್ಸ್ಆ್ಯಪ್‌ನಲ್ಲಿ, ಫೋಟೋವನ್ನು ಅಷ್ಟು ಕುಗ್ಗಿಸದೆ ಹೆಚ್ಚು ಸ್ಪಷ್ಟವಾಗಿ ಕಳಿಸುವ ಎಚ್‌ಡಿ ಆಯ್ಕೆ ಇದೆ. ಫೋಟೋ ಆರಿಸಿದ ಮೇಲೆ, ಕಳಿಸುವ ಮೊದಲು, ಮೇಲ್ಗಡೆ ಎಚ್‌ಡಿ ಅಂತ ಇರುವುದನ್ನು ಒತ್ತಬೇಕು. ಅಷ್ಟೇ ಕೆಲಸ. ಆದರೆ ಅದನ್ನು ಒತ್ತಬೇಕಾದವರು ಕಳಿಸುವವರು, ನೀವಲ್ಲ. ಹಾಗಾಗಿ ಗುಂಪಿನಲ್ಲಿ ಕೇಳಿಕೊಳ್ಳಿ. ಸಂಕೋಚ ಬೇಡ. ‘ನನಗೆ ಎಸಳು ಸರಿಯಾಗಿ ನೋಡಬೇಕು, ಎಚ್‌ಡಿ ಒತ್ತಿ ಕಳಿಸುತ್ತೀರಾ’ ಅಂದರೆ ಹೂವು ಬೆಳೆಸುವ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಖುಷಿಪಡುತ್ತಾರೆ. ಬೇರೆ ಗುಂಪಿನ ಫೋಟೋವನ್ನು ಸ್ಕ್ರೀನ್‌ಶಾಟ್ ತೆಗೆದು ಹಾಕುವವರಿಗೆ, ಹಾಗೆ ಮಾಡದೆ ನೇರವಾಗಿ ಫಾರ್ವರ್ಡ್ ಮಾಡಲು ಹೇಳಿ.

ಬಣ್ಣದಲ್ಲಿ ನಿಮ್ಮ ಕಡೆಯಿಂದಲೂ ನೋಡಬೇಕಾದ್ದು ಒಂದಿದೆ. ಸಂಜೆ ಆದ ಕೂಡಲೇ ಸ್ಕ್ರೀನ್ ಹಳದಿಯಾಗುವ ವ್ಯವಸ್ಥೆ ಅನೇಕ ಫೋನುಗಳಲ್ಲಿರುತ್ತದೆ. ಕಣ್ಣಿಗೆ ಆರಾಮ ಅಂತ ಅದನ್ನು ಹಾಕಿಟ್ಟಿರುತ್ತೇವೆ. ಅದು ಆನ್ ಇದ್ದರೆ ಸುಗಂಧರಾಜ ಬೆಣ್ಣೆ ಬಣ್ಣಕ್ಕೆ ಕಾಣುತ್ತದೆ, ಶಂಖಪುಷ್ಪದ ನೀಲಿ ಮಂಕಾಗುತ್ತದೆ. ಹೂವಿನ ಫೋಟೋ ನೋಡುವಾಗ ಅದನ್ನು ಆಫ್ ಮಾಡಿ. ರಾತ್ರಿ ಅರಳುವ ಬ್ರಹ್ಮಕಮಲ ಹಳದಿಯಾಗಿ ಕಂಡರೆ ಮಾತ್ರ ನಿಮ್ಮ ಫೋನಿಗಿಂತ ಅವರ ಜಗಲಿಯ ಬಲ್ಬ್ ಕಡೆ ಅನುಮಾನ ಪಡಬೇಕು.

ನೀಲಿ-ನೇರಳೆ ಹೂವುಗಳ ವಿಷಯದಲ್ಲಿ ಯಾವ ಫೋಟೋವನ್ನೂ ಪೂರ್ತಿ ನಂಬಬೇಡಿ. 2018ರಲ್ಲಿ ಮುನ್ನಾರ್ ಬೆಟ್ಟಗಳಲ್ಲಿ ಹನ್ನೆರಡು ವರ್ಷದ ಮೇಲೆ ನೀಲಕುರಿಂಜಿ ಅರಳಿದಾಗ ನಮ್ಮ ಗುಂಪಿನ ಕೆಲವರು ಹೋಗಿ ಬಂದಿದ್ದರು. ಅವರ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಬ್ಬರದು ತಿಳಿನೀಲಿ, ಇನ್ನೊಬ್ಬರದು ಗಾಢ ನೇರಳೆ. ಅದೇ ಬೆಟ್ಟ, ಅದೇ ವಾರ. ಒಂದೊಂದು ಕ್ಯಾಮೆರಾ ಒಂದೊಂದು ಥರ ಬಣ್ಣ ಕಟ್ಟುತ್ತದೆ. ಗಿಡ ಗುರುತಿಸಬೇಕಾದರೆ ಬಣ್ಣಕ್ಕಿಂತ ಎಲೆ, ಕಾಂಡ, ಮೊಗ್ಗಿನ ಫೋಟೋ ಕೇಳಿ.

ಅನುಮತಿ ಕೇಳುವ ಲಿಂಕ್ ವಿಷಯ ಸುಲಭ. ಅವರು ಫೋಟೋವನ್ನು ಗೂಗಲ್ ಡ್ರೈವ್‌ನಲ್ಲಿಟ್ಟು ಲಿಂಕ್ ಕಳಿಸಿದ್ದಾರೆ, ಆದರೆ ಬೇರೆಯವರು ನೋಡಲು ಬಿಟ್ಟಿಲ್ಲ. ‘ಲಿಂಕ್ ಇರುವ ಯಾರು ಬೇಕಾದರೂ’ ಅನ್ನುವ ಆಯ್ಕೆಗೆ ಅವರೇ ಬದಲಾಯಿಸಬೇಕು. ನೀವು ಎಷ್ಟು ಸಲ ಒತ್ತಿದರೂ ತೆರೆಯುವುದಿಲ್ಲ. ಫೇಸ್‌ಬುಕ್‌ನ ಪ್ರೈವೇಟ್ ಗುಂಪಿನ ಲಿಂಕ್ ಆದರೆ ಆ ಗುಂಪಿಗೆ ಸೇರದೆ ಕಾಣದು. ಫೋಟೋ ಸಿಗುತ್ತಿಲ್ಲ ಅಂತ ಬಂದರೆ ಅವರು ಮೂಲವನ್ನೇ ಅಳಿಸಿರಬಹುದು. 2021ರ ಜೂನ್‌ನಿಂದ ಗೂಗಲ್ ಫೋಟೋಸ್‌ಗೆ ಹೊಸದಾಗಿ ಹಾಕುವ ಫೋಟೋಗಳೂ 15 ಜಿಬಿ ಉಚಿತ ಜಾಗದ ಲೆಕ್ಕಕ್ಕೆ ಬರುತ್ತವೆ. ಜಾಗ ತುಂಬಿದಾಗ ಜನ ಮೊದಲು ಅಳಿಸುವುದು ಹೂವಿನ ಫೋಟೋ. ಇನ್ನೂ ಹಳೆಯ ಲಿಂಕ್ ಆದರೆ ಆಸೆ ಬಿಡಿ. ಪಿಕಾಸಾ ವೆಬ್ ಆಲ್ಬಂ 2016ರಲ್ಲಿ ನಿಂತಿತು, ಗೂಗಲ್ ಪ್ಲಸ್ 2019ರಲ್ಲಿ, ಯಾಹೂ ಗ್ರೂಪ್ಸ್ 2020ರಲ್ಲಿ.

ಕೆಲವರ ಫೋಟೋ ಒಮ್ಮೆ ತೆರೆದು ಆಮೇಲೆ ಮಾಯವಾಗುತ್ತದೆ ಅಂತ ನೀವು ಕೊನೆಗೆ ಬರೆದಿದ್ದೀರಿ. ಅವರು ಕಳಿಸುವಾಗ ಗೊತ್ತಿಲ್ಲದೆ, ವೃತ್ತದೊಳಗೆ 1 ಅಂತ ಇರುವ ಗುರುತನ್ನು ಒತ್ತಿದ್ದಾರೆ. ಅದು ಒಂದೇ ಸಲ ನೋಡುವ ಫೋಟೋ. ಹದಿನಾಲ್ಕು ದಿನದೊಳಗೆ ತೆರೆಯದಿದ್ದರೆ ಆಮೇಲೆ ತೆರೆಯುವುದಿಲ್ಲ. ಒಂದು ಫೋನ್ ಮಾಡಿ ಹೇಳಿಕೊಡಿ.

ಐಫೋನ್‌ನವರು ಡಾಕ್ಯುಮೆಂಟ್ ಆಗಿಯೋ ಇಮೇಲ್‌ನಲ್ಲೋ ಕಳಿಸಿದ ಫೋಟೋ ಹಳೆ ಕಂಪ್ಯೂಟರಿನಲ್ಲಿ ತೆರೆಯದಿದ್ದರೆ ಅದು ಎಚ್‌ಇಐಸಿ ಫೈಲ್ ಇರಬಹುದು. 2017ರಿಂದ ಐಫೋನ್‌ಗಳು ಆ ಥರದಲ್ಲೇ ಉಳಿಸುತ್ತಿವೆ. ಅವರು ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ‘ಫಾರ್ಮ್ಯಾಟ್ಸ್’ಗೆ ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಅಂತ ಬದಲಾಯಿಸಿಕೊಂಡರೆ ಮುಂದೆ ತೆಗೆಯುವ ಫೋಟೋ ಜೆಪೆಗ್ ಆಗುತ್ತದೆ.

ಡಾಕ್ಯುಮೆಂಟ್ ಅಂದಾಗ ಒಂದು ಮಾತು ಹೇಳಲೇಬೇಕು. ಹಾಗೆ ಕಳಿಸಿದರೆ ಫೋಟೋ ಒಂದಿಷ್ಟೂ ಕುಗ್ಗುವುದಿಲ್ಲ, ನೋಡಲು ಅದೇ ಒಳ್ಳೆಯದು. ಆದರೆ ಫೋಟೋ ತೆಗೆದ ಜಾಗ ಕ್ಯಾಮೆರಾದಲ್ಲಿ ದಾಖಲಾಗಿದ್ದರೆ ಅದೂ ಜೊತೆಗೇ ಹೋಗುತ್ತದೆ. ಮನೆಯಂಗಳದ ಡೇರೆ ಆದರೆ ನಿಮ್ಮ ಮನೆ ಎಲ್ಲಿದೆ ಅಂತ ಹೋಯಿತು. ಕಾಡಿನ ಮರದ ಮೇಲಿನ ಸೀತಾಳೆ ದಂಡೆ ಆದರೆ ಇನ್ನೂ ಕಷ್ಟ. ಜಾಗ ಗೊತ್ತಾದರೆ ಕಿತ್ತುಕೊಂಡು ಹೋಗುವವರು ಇದ್ದಾರೆ. ಕಾಡುಹೂವಿನ ಫೋಟೋ ತೆಗೆಯುವಾಗ ಲೊಕೇಶನ್ ಆಫ್ ಮಾಡಿಕೊಳ್ಳಿ. ಬಹುಕಾಲ ಉಳಿಯಬೇಕಾದ ಕಾಡುಹೂವಿನ ಫೋಟೋಗಳನ್ನು, ಗಿಡ-ಪ್ರಾಣಿಗಳ ಫೋಟೋ ದಾಖಲಿಸುವ ಐನ್ಯಾಚುರಲಿಸ್ಟ್ ಅನ್ನುವ ಜಾಲತಾಣಕ್ಕೆ ಹಾಕಿ. ಅಲ್ಲಿ ನಿಖರ ಜಾಗ ಮರೆಮಾಡಲು ಅವಕಾಶವಿದೆ, ಗೊತ್ತಿರುವವರು ಗುರುತಿಸಿಯೂ ಕೊಡುತ್ತಾರೆ.

ಇವತ್ತು ರಾತ್ರಿ ತಾರೀಕು, ಜಾಗ, ಟಿಕ್ ಮೂರನ್ನೂ ನೋಡಿ. ಆದರೂ ಇಳಿಯದಿದ್ದರೆ, ಬಾಣ ಒತ್ತಿದಾಗ ಬರುವ ಸಂದೇಶವನ್ನು ಅದು ಇರುವ ಹಾಗೇ ಇಲ್ಲಿ ಬರೆಯಿರಿ, ಉತ್ತರ ಕೊಡುತ್ತೇನೆ. ಮತ್ತೆ, ನಿಮ್ಮ ಎರಡು ಗುಂಪುಗಳಲ್ಲಿ ಯಾರ ಮನೆಯಲ್ಲಾದರೂ ಬಿಳಿ ಎಸಳಿನ, ತುದಿ ಮಾತ್ರ ಕೆಂಪಾಗಿ ಗೆರೆ ಗೆರೆ ಇರುವ ಡೇರೆ ಇದೆಯಾ ಅಂತ ಒಮ್ಮೆ ಕೇಳಿ ನೋಡುತ್ತೀರಾ? ಇದ್ದರೆ ಎಚ್‌ಡಿ ಫೋಟೋ ತರಿಸಿಕೊಳ್ಳಿ. ಗಡ್ಡೆ ತರಲು ನಾನೇ ಬರುತ್ತೇನೆ.