ಟೀ ಶರ್ಟ್ ತಿರುಚುವುದೇಕೆ, ಬನಿಯನ್ ಗಿಡ್ಡ ಆಗುವುದೇಕೆ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೋಸಿಯರಿ, ಅಂದರೆ ಹೆಣೆದ ಬಟ್ಟೆಯವೇ ಜಾಸ್ತಿ. ನೇಯ್ದ ಬಟ್ಟೆಗೂ ಹೆಣೆದ ಬಟ್ಟೆಗೂ ಇರುವ ವ್ಯತ್ಯಾಸವನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಪ್ರತಿ ಉತ್ತರದಲ್ಲೂ ಹೇಳುವ ಕೆಲಸ ಇರುವುದಿಲ್ಲ. ಉಡುಪಿ ಸೀರೆಯಲ್ಲಿ ಉದ್ದದ ನೂಲು, ಅಡ್ಡದ ನೂಲು ಒಂದನ್ನೊಂದು ದಾಟಿ ಬಿಗಿಯಾಗಿ ಕೂತಿರುತ್ತವೆ. ಟೀ ಶರ್ಟಿನಲ್ಲಿ ನೂಲು ಕುಣಿಕೆ ಕುಣಿಕೆಯಾಗಿ ಬಾಗಿ, ಒಂದು ಸಾಲಿನ ಕುಣಿಕೆ ಇನ್ನೊಂದು ಸಾಲಿನೊಳಗೆ ತೂರಿಕೊಂಡಿರುತ್ತದೆ. ಎಳೆದಾಗ ಕುಣಿಕೆಯ ಆಕಾರ ಬದಲಾಗುತ್ತದೆ, ಅಷ್ಟೆ. ಅದು ಮೈಗೆ ಹಿತವಾಗಿರುವುದೂ ಇದರಿಂದಲೇ, ಅಳತೆ ತಪ್ಪುವುದೂ ಇದರಿಂದಲೇ.

ಪ್ರಶ್ನೆ: ಹಂಪನಕಟ್ಟೆ ಹತ್ತಿರ ನಮ್ಮದು ಟೀ ಶರ್ಟ್ ಪ್ರಿಂಟಿಂಗ್ ಅಂಗಡಿ. ಕಾಲೇಜು ಫೆಸ್ಟ್, ಕಂಬಳ ಸಮಿತಿ, ಕ್ರಿಕೆಟ್ ಟೂರ್ನಮೆಂಟಿನ ಆರ್ಡರ್ ಬರುತ್ತವೆ. ತಿರುಪ್ಪೂರಿನಿಂದ ಪ್ಲೇನ್ ಟೀ ಶರ್ಟ್ ತರಿಸುತ್ತೇವೆ. ಈ ಸಲದ ಲಾಟಿನಲ್ಲಿ ಒಂದು ಒಗೆತಕ್ಕೇ ಸೈಡ್ ಹೊಲಿಗೆ ಹೊಟ್ಟೆಯ ಮೇಲೆ ಬಂದಿದೆ. ಪ್ರಿಂಟೂ ಓರೆ ಕಾಣುತ್ತದೆ. ಗಿರಾಕಿಗಳು ನಮ್ಮನ್ನೇ ಬೈಯುತ್ತಿದ್ದಾರೆ. ತಪ್ಪು ಪ್ರಿಂಟಿಂಗಿನದಾ, ಹೊಲಿಗೆಯದಾ?
— ಓದುಗರೊಬ್ಬರು, ಮಂಗಳೂರು

ಉತ್ತರ: ನಿಮ್ಮ ಮೇಲೂ ಬೇಡ, ಟೈಲರ್ ಮೇಲೂ ಬೇಡ. ಇದು ನೂಲಿನ ಕಿತಾಪತಿ. ಉದ್ಯಮದಲ್ಲಿ ಇದಕ್ಕೆ ಸ್ಪೈರಾಲಿಟಿ ಅನ್ನುತ್ತಾರೆ.

ಅದೇ ಲಾಟಿನ ಒಗೆಯದ ಒಂದು ಟೀ ಶರ್ಟ್ ತೆಗೆದುಕೊಳ್ಳಿ. ಕೆಳಗಿನ ಮಡಿಕೆ ಕತ್ತರಿಸಿ, ಅಡ್ಡಸಾಲಿನ ಒಂದು ನೂಲು ಎಳೆಯಿರಿ. ಈ ತುದಿಯಿಂದ ಬರದಿದ್ದರೆ ಭುಜದ ಕಡೆಯಿಂದ ಬರುತ್ತದೆ. ಸುಮಾರು ಒಂದೂವರೆ ಅಡಿ ಸಾಕು. ಎರಡು ತುದಿ ಹಿಡಿದು ನೇರ ಮಾಡಿ, ಆಮೇಲೆ ನಿಧಾನಕ್ಕೆ ಕೈಗಳನ್ನು ಹತ್ತಿರ ತನ್ನಿ. ನೂಲು ಸುಮ್ನೆ ಜೋತು ಬೀಳುವುದಿಲ್ಲ, ತನ್ನಷ್ಟಕ್ಕೆ ಸುತ್ತಿಕೊಳ್ಳುತ್ತದೆ. ನೀರಿನಲ್ಲಿ ಅದ್ದಿ ನೋಡಿದರೆ ಇನ್ನೂ ಚುರುಕು. ಹತ್ತಿಯ ಎಳೆಗಳು ನೂಲಾಗಿ ನಿಲ್ಲಬೇಕಾದರೆ ಹುರಿ ಹಾಕಲೇಬೇಕು. ಆ ಹುರಿ ಬಿಚ್ಚಿಕೊಳ್ಳಲು ಯಾವಾಗಲೂ ತವಕಿಸುತ್ತಿರುತ್ತದೆ. ಟೀ ಶರ್ಟಿನಲ್ಲಿರುವ ಸಾವಿರಾರು ಕುಣಿಕೆಗಳಲ್ಲೂ ಇದೇ ತವಕ, ಅದೂ ಎಲ್ಲ ಒಂದೇ ದಿಕ್ಕಿಗೆ. ಒಣಗಿದ್ದಾಗ ನೂಲು ನೂಲಿಗೆ ಉಜ್ಜಿಕೊಂಡು ಕುಣಿಕೆಗಳು ತಡೆದು ನಿಲ್ಲುತ್ತವೆ. ನೀರು ಬಿದ್ದು ಮೆಷಿನ್ ಅಲ್ಲಾಡಿಸಿದ ಕೂಡಲೇ ಕುಣಿಕೆಗಳೆಲ್ಲ ಒಂದು ಬದಿಗೆ ವಾಲುತ್ತವೆ. ಉದ್ದಸಾಲು ಓರೆಯಾಗುತ್ತದೆ. ಹೊಲಿಗೆ ಅದರ ಹಿಂದೆಯೇ ಹೋಗುತ್ತದೆ, ನಿಮ್ಮ ಪ್ರಿಂಟೂ ಹೋಗುತ್ತದೆ.

ಇನ್ನೊಂದು ಕಾರಣ ಹೆಣೆಯುವ ಮೆಷಿನ್ನಿನದು. ಉರುಟು ಮೆಷಿನ್ನಿನಲ್ಲಿ ಬಟ್ಟೆ ಕೊಳವೆಯ ಹಾಗೆ ಇಳಿಯುತ್ತದೆ. 30 ಇಂಚು ವ್ಯಾಸದ ಮೆಷಿನ್ನಿಗೆ 90 ಕಡೆಯಿಂದ ನೂಲು ಕೊಡುವುದು ಸಾಮಾನ್ಯ. ಅಂದರೆ ಒಂದು ಸುತ್ತಿಗೆ 90 ಸಾಲು. ಇಂಚಿಗೆ 50 ಸಾಲು ಅಂತ ಹಿಡಿದರೆ, ಒಂದು ಸುತ್ತು ಮುಗಿಯುವಾಗ ಸಾಲು 1.8 ಇಂಚು ಏರಿರುತ್ತದೆ. ಬಟ್ಟೆಯ ಸುತ್ತಳತೆ 60 ಇಂಚಿನ ಆಸುಪಾಸು ಇದ್ದರೆ ಓರೆ 2 ಡಿಗ್ರಿಗೂ ಕಡಿಮೆ. ಹೊಟ್ಟೆಯ ಮೇಲೆ ಬಂದ ಹೊಲಿಗೆಗೆ ಇದೊಂದೇ ಕಾರಣ ಆಗಲಾರದು. ದೊಡ್ಡ ಪಾಲು ಹುರಿಯದೇ. ಹೆಣಿಗೆ ಸಡಿಲ ಇದ್ದಷ್ಟೂ ಕುಣಿಕೆಗೆ ವಾಲಲು ಜಾಗ ಜಾಸ್ತಿ. ಅಗ್ಗದ ತೆಳು ಟೀ ಶರ್ಟ್ ಬೇಗ ತಿರುಚುವುದು ಇದಕ್ಕೇ.

ಹಾಗಾದರೆ ಅಂಗಡಿಗೆ ಬಂದಾಗ ಹೊಲಿಗೆ ನೆಟ್ಟಗೆ ಹೇಗಿತ್ತು ಅಂತ ಕೇಳುತ್ತೀರಿ. ಫಿನಿಶಿಂಗಿನಲ್ಲಿ ಬಟ್ಟೆಯನ್ನು ಎಳೆದು, ಬಿಸಿಗಾಳಿಯಲ್ಲಿ ಒಣಗಿಸಿ ನೇರ ಮಾಡಿರುತ್ತಾರೆ. ಹತ್ತಿಗೆ ಆ ನೇರ ಒಂದು ಒಗೆತದ ತನಕ ಮಾತ್ರ.

ಪರಿಹಾರ ಇರುವುದು ಕೊಳ್ಳುವ ಮೊದಲು. ಎರಡೆಳೆ ನೂಲಿನ ಬಟ್ಟೆ ತಿರುಚುವುದು ತೀರಾ ಕಡಿಮೆ. ತೆಂಗಿನ ನಾರಿನ ಹಗ್ಗ ಹೊಸೆಯುವಾಗ ಎಳೆಗಳನ್ನು ಒಂದು ದಿಕ್ಕಿಗೆ, ಹಗ್ಗವನ್ನು ಎದುರು ದಿಕ್ಕಿಗೆ ಹೊಸೆಯುತ್ತಾರಲ್ವಾ, ಅದೇ ಲೆಕ್ಕ. ಒಂದರ ಎಳೆತವನ್ನು ಇನ್ನೊಂದು ತಿನ್ನುತ್ತದೆ. ಆದರೆ ರೇಟು ಏರುತ್ತದೆ. ಎಡ ಹುರಿ, ಬಲ ಹುರಿಯ ನೂಲನ್ನು ಸಾಲು ಬಿಟ್ಟು ಸಾಲು ಹಾಕಿಯೂ ಹೆಣೆಯುತ್ತಾರೆ. ಇಂಟರ್‌ಲಾಕ್, ರಿಬ್ ಬಟ್ಟೆಯಲ್ಲಿ ಎರಡೂ ಮುಖದ ಕುಣಿಕೆಗಳು ಒಂದನ್ನೊಂದು ತಡೆಯುವುದರಿಂದ ಈ ತೊಂದರೆ ಹೆಚ್ಚುಕಡಿಮೆ ಇಲ್ಲ. ಪಾಲಿಯೆಸ್ಟರ್ ಬೆರಕೆ ಇದ್ದರೆ ಬಿಸಿ ಕೊಟ್ಟು ಆಕಾರ ಕೂರಿಸಬಹುದು. ಫೆಸ್ಟಿನ ಟೀ ಶರ್ಟಿನ ಬಜೆಟ್ಟಿಗೆ ನನ್ನ ಸಲಹೆ: ಸಿಂಗಲ್ ಜೆರ್ಸಿಯೇ (ಒಂದೇ ಪದರದ ಕುಣಿಕೆಯ ಮಾಮೂಲಿ ಟೀ ಶರ್ಟ್ ಬಟ್ಟೆ) ಸಾಕು, ಆದರೆ ಬಿಗಿ ಹೆಣಿಗೆಯದನ್ನು ಕೇಳಿ.

ಲಾಟ್ ಒಪ್ಪುವ ಮೊದಲು ಬೇರೆ ಬೇರೆ ಬಂಡಲಿನಿಂದ ಮೂರು ಪೀಸ್ ಒಗೆದು ಒಣಗಿಸಿ. ಕಂಕುಳಿಂದ ಬುಡದವರೆಗೆ ಸೈಡ್ ಹೊಲಿಗೆಯ ಉದ್ದ ಅಳೆಯಿರಿ. ಬುಡದಲ್ಲಿ ಹೊಲಿಗೆ ಎಷ್ಟು ಸರಿದಿದೆ ಅಂತ ನೋಡಿ. ಉದ್ದ 45 ಸೆಂ.ಮೀ., ಸರಿದದ್ದು 2 ಸೆಂ.ಮೀ. ಆದರೆ ಶೇ. 4.4. ಶೇ. 5ರ ಒಳಗಿದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. 4 ಸೆಂ.ಮೀ. ಸರಿದಿದ್ದರೆ ಶೇ. 9 ಆಯಿತು, ವಾಪಸ್ ಕಳಿಸಿ. ಪ್ರಿಂಟ್ ಹಾಕಿದ ಮೇಲೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ ಮಾರಾಯ್ರೆ.

ಪ್ರಶ್ನೆ: ಮಹಿಳೆಯರು ಸೇರಿ ನಡೆಸುವ ಹೊಲಿಗೆ ಘಟಕ ನಮ್ಮದು. ಶಾಲೆಗಳಿಗೆ ಸ್ಪೋರ್ಟ್ಸ್ ಟೀ ಶರ್ಟ್ ಹೊಲಿದು ಕೊಡುತ್ತೇವೆ. ಬಟ್ಟೆ ಕಿಲೋ ಲೆಕ್ಕದಲ್ಲಿ ತರಿಸುತ್ತೇವೆ. ಬಯೋವಾಶ್ ಆಗಿದೆ, ಕುಗ್ಗುವುದಿಲ್ಲ ಅಂತ ಹೇಳಿ ಕೊಟ್ಟಿದ್ದರು. ಒಗೆದ ಮೇಲೆ ಉದ್ದ ಎರಡು ಇಂಚು ಕಡಿಮೆ. ಮಕ್ಕಳ ಅಪ್ಪ ಅಮ್ಮಂದಿರು ಫೋನ್ ಮಾಡುತ್ತಿದ್ದಾರೆ. ಮುಂದಿನ ಸಲ ಏನು ಮಾಡಬೇಕು?
— ಓದುಗರೊಬ್ಬರು, ಉಡುಪಿ

ಉತ್ತರ: ಬಯೋವಾಶ್ ಅಂದರೆ ಕಿಣ್ವ ಹಾಕಿ ಬಟ್ಟೆಯ ಮೇಲಿನ ಜುಂಗು ತೆಗೆಯುವುದು. ಬಟ್ಟೆ ನುಣುಪಾಗುತ್ತದೆ, ಬಣ್ಣ ಹೊಳೆಯುತ್ತದೆ. ಕುಗ್ಗುವುದಕ್ಕೆ ಅದು ಮದ್ದಲ್ಲ. ನೀವು ಕೇಳಬೇಕಾದದ್ದು ಕಾಂಪ್ಯಾಕ್ಟಿಂಗ್ ಆಗಿದೆಯಾ ಅಂತ. ಅದರಲ್ಲಿ ಬಟ್ಟೆಗೆ ಹಬೆ ಕೊಟ್ಟು, ಬಿಸಿ ರೋಲರಿನ ಹತ್ತಿರ ಉದ್ದಕ್ಕೆ ಒತ್ತಿ, ಕುಣಿಕೆಗಳನ್ನು ಮೊದಲೇ ಗಿಡ್ಡ ಮಾಡಿಬಿಡುತ್ತಾರೆ. ಮನೆಯಲ್ಲಿ ಕುಗ್ಗಬೇಕಾದದ್ದು ಕಾರ್ಖಾನೆಯಲ್ಲೇ ಕುಗ್ಗಿರುತ್ತದೆ.

ಅಸಲಿಗೆ ಈ ಕುಗ್ಗುವಿಕೆ ಹುಟ್ಟುವುದು ಎಳೆತದಿಂದ. ಹೆಣೆಯುವಾಗ ಮೆಷಿನ್ ಬಟ್ಟೆಯನ್ನು ಕೆಳಕ್ಕೆ ಎಳೆಯುತ್ತದೆ. ಬಣ್ಣ ಹಾಕುವಾಗ ಒದ್ದೆ ಬಟ್ಟೆ ಹಗ್ಗದ ಹಾಗೆ ಗಂಟೆಗಟ್ಟಲೆ ಸುತ್ತುತ್ತದೆ, ಉದ್ದಕ್ಕೆ ಹಿಗ್ಗುತ್ತದೆ. ಒಣಗಿಸುವಾಗ ಅಗಲಕ್ಕೆ ಜಗ್ಗುತ್ತಾರೆ. ಬಕೆಟಿನ ನೀರಿನಲ್ಲಿ ಹತ್ತಿ ಉಬ್ಬಿ, ಕುಣಿಕೆಗಳು ಸಡಿಲಗೊಂಡು, ಎಳೆಯುವ ಮೊದಲಿನ ಆಕಾರಕ್ಕೆ ಹೊರಳುತ್ತವೆ. ಕುಗ್ಗಿದ ಅಳತೆಯೇ ಬಟ್ಟೆಯ ನಿಜವಾದ ಅಳತೆ. ನಿಮಗೆ ಮಾರಿದ್ದು ಎಳೆದು ಹಿಡಿದ ಅಳತೆ.

ಆ ನಿಜವಾದ ಅಳತೆ ಹೆಣೆಯುವಾಗಲೇ ನಿಶ್ಚಯ ಆಗಿರುತ್ತದೆ. ಒಂದು ಕುಣಿಕೆಗೆ ಎಷ್ಟು ನೂಲು ಹೋಗಿದೆ ಅನ್ನುವುದೇ ಅದನ್ನು ತೀರ್ಮಾನಿಸುತ್ತದೆ. 1959ರಲ್ಲಿ ಮಂಡೆನ್ ಎಂಬ ಬ್ರಿಟಿಷ್ ಸಂಶೋಧಕರು ಇದನ್ನು ಲೆಕ್ಕ ಹಾಕಿ ತೋರಿಸಿದರು. ಇವತ್ತಿಗೂ ಉದ್ಯಮ ಆ ಲೆಕ್ಕದ ಮೇಲೆಯೇ ನಡೆಯುತ್ತದೆ. ನೀವೂ ಅಳೆಯಬಹುದು. ಸಿಂಗಲ್ ಜೆರ್ಸಿ ತುಂಡಿನಲ್ಲಿ ಒಂದೇ ಸಾಲಿನ ನೂರು ಕುಣಿಕೆ ಎಣಿಸಿ, ಎರಡು ಕಡೆ ಪೆನ್ನಿನಲ್ಲಿ ಗುರುತು ಮಾಡಿ, ಆ ನೂಲು ಎಳೆದು ಸುಕ್ಕು ಹೋಗುವಷ್ಟೇ ನೇರ ಮಾಡಿ ಅಳೆಯಿರಿ. 28 ಸೆಂ.ಮೀ. ಬಂದರೆ ಕುಣಿಕೆಯ ಉದ್ದ 2.8 ಮಿ.ಮೀ. 30ರ ಕೌಂಟ್ ನೂಲಿಗೆ (ಕೌಂಟ್ ಅಂದರೆ ನೂಲು ಎಷ್ಟು ಸಣ್ಣ ಅನ್ನುವ ಅಂಕಿ) ಅದು ಸರಿಯಾದ ಹೆಣಿಗೆ. ಹಳೆಯ ಒಳ್ಳೆ ಲಾಟಿನಲ್ಲಿ 2.8 ಇದ್ದು, ಹೊಸ ಲಾಟಿನಲ್ಲಿ 3.1 ಬಂದರೆ, ನೂಲು ಉಳಿಸಲು ಯಾರೋ ಹೆಣಿಗೆ ಸಡಿಲ ಮಾಡಿದ್ದಾರೆ ಅಂತ ತಿಳಿಯಿರಿ.

ಇಲ್ಲಿ ಒಂದು ಮಾತು ಕಟುವಾಗಿಯೇ ಹೇಳುತ್ತೇನೆ. ಹೋಸಿಯರಿ ಬಟ್ಟೆ ಕಿಲೋ ಲೆಕ್ಕದಲ್ಲಿ ಮಾರಾಟ ಆಗುತ್ತದೆ. ಚದರ ಮೀಟರಿಗೆ 160 ಗ್ರಾಂ ತೂಗುವ ಬಟ್ಟೆ ಒಂದು ಕಿಲೋಗೆ 6.25 ಚದರ ಮೀಟರ್ ಬರುತ್ತದೆ. ಅದೇ ಬಟ್ಟೆ ಉದ್ದ ಅಗಲ ಎರಡರಲ್ಲೂ ಶೇ. 5 ಕುಗ್ಗಿದರೆ ತೂಕ 177 ಗ್ರಾಂ ಆಗುತ್ತದೆ, ಕಿಲೋಗೆ ಸಿಗುವುದು ಸುಮಾರು 5.64 ಚದರ ಮೀಟರ್ ಮಾತ್ರ. ಎಳೆದ ಬಟ್ಟೆಯಲ್ಲಿ ಪೀಸ್ ಜಾಸ್ತಿ ಬರುತ್ತವೆ. ಹಾಗಾಗಿ ಅಗಲ ಜಾಸ್ತಿ ಕೊಡಿ, ತೂಕ ಕಡಿಮೆ ಕೊಡಿ ಅಂತ ಹೊಲಿಯುವವರೇ ಪೀಡಿಸುತ್ತಾರೆ. ಫಿನಿಶಿಂಗಿನವರು ಎಳೆದು ಕೊಡುತ್ತಾರೆ. ಲಾಭದ ಮಾತು ಬಂದಾಗ ಎಲ್ಲರೂ ಇರುತ್ತಾರೆ, ಒಗೆದ ಮೇಲೆ ಫೋನ್ ಬರುವುದು ನಿಮಗೆ. ಮಳೆಗಾಲದಲ್ಲಿ ಇನ್ನೊಂದು ವಿಷಯ: ನಮ್ಮ ಕರಾವಳಿಯ ಜುಲೈ ಗಾಳಿಯಲ್ಲಿ ಹತ್ತಿ ತಾನಾಗಿಯೇ ತೇವ ಹೀರಿಕೊಂಡು ಭಾರ ಆಗುತ್ತದೆ. ಆಗ ತೂಕ ನೋಡಿ ಬಟ್ಟೆ ದಪ್ಪ ಇದೆ ಅಂತ ಖುಷಿಪಡಬೇಡಿ.

ಕತ್ತರಿ ಹಾಕುವ ಮೊದಲು ಪ್ರತಿ ಲಾಟಿನಿಂದ, ಪ್ರತಿ ಬಣ್ಣದಿಂದ 60 ಸೆಂ.ಮೀ. ಚೌಕದ ತುಂಡು ತೆಗೆಯಿರಿ. ರೋಲಿನ ತುದಿಯಿಂದ ಬೇಡ, ಒಂದೆರಡು ಮೀಟರ್ ಒಳಗಿನಿಂದ ತೆಗೆಯಿರಿ. ಅಂಚಿಗೆ ಓವರ್‌ಲಾಕ್ ಹಾಕಿ, ಇಲ್ಲವಾದರೆ ಸುರುಳಿ ಸುತ್ತಿಕೊಳ್ಳುತ್ತದೆ. ಮೇಜಿನ ಮೇಲೆ ಎಳೆಯದೆ ಹಾಸಿ, ಒಂದು ರಾತ್ರಿ ಬಿಟ್ಟು, ಉದ್ದಕ್ಕೂ ಅಗಲಕ್ಕೂ 50 ಸೆಂ.ಮೀ. ಗುರುತು ಹಾಕಿ. ಮಕ್ಕಳ ಮನೆಯಲ್ಲಿ ಹೇಗೆ ಒಗೆಯುತ್ತಾರೋ ಹಾಗೇ ಒಗೆಯಿರಿ. ಒಂದು ಸಲ ಸಾಲದು, ಮೂರು ಸಲ. ಜಾಸ್ತಿ ಕುಗ್ಗುವುದು ಮೊದಲ ಸಲವೇ, ಆದರೆ ಉಳಿದದ್ದು ಆಮೇಲೆ ನಿಧಾನಕ್ಕೆ ಬರುತ್ತದೆ. 50 ಇದ್ದದ್ದು 47 ಆದರೆ ಶೇ. 6.

ಈಗ ಪ್ಯಾಟರ್ನ್. ಒಗೆದ ಮೇಲೆ 70 ಸೆಂ.ಮೀ. ಬೇಕು, ಕುಗ್ಗುವುದು ಶೇ. 10 ಅಂತಿಟ್ಟುಕೊಳ್ಳಿ. ತುಂಬಾ ಮಂದಿ 70ಕ್ಕೆ 7 ಸೇರಿಸಿ 77 ಕತ್ತರಿಸುತ್ತಾರೆ. 77ರಲ್ಲಿ ಶೇ. 10 ಹೋದರೆ ಉಳಿಯುವುದು 69.3. 70ನ್ನು 0.90ರಿಂದ ಭಾಗಿಸಬೇಕು, 77.8 ಬರುತ್ತದೆ. ಉದ್ದದ ಲೆಕ್ಕ ಬೇರೆ, ಅಗಲದ್ದು ಬೇರೆ. ಆದರೆ ಶೇ. 10 ಕುಗ್ಗುವ ಬಟ್ಟೆಯನ್ನು ಪ್ಯಾಟರ್ನಿನಲ್ಲಿ ಸರಿಮಾಡಲು ಹೋಗಬೇಡಿ, ಹಿಂತಿರುಗಿಸಿ. ಶೇ. 5ರ ಒಳಗಿನದ್ದಕ್ಕೆ ಮಾತ್ರ ಈ ಲೆಕ್ಕ.

ರೋಲ್ ಬಿಚ್ಚಿ 24 ಗಂಟೆ ಸಡಿಲವಾಗಿ ಮಡಚಿ ಇಟ್ಟ ಮೇಲೆಯೇ ಹಾಸಿ. ಹಾಸುವಾಗ ಇಬ್ಬರು ಎರಡು ಕಡೆಯಿಂದ ಹಿಡಿದು ಜಗ್ಗುವ ಅಭ್ಯಾಸ ಬಿಡಬೇಕು. ಅಂಚು ಅಲೆ ಅಲೆಯಾಗಿ ಬರುತ್ತಿದ್ದರೆ ಅದು ಹೊಲಿಗೆಯ ತಪ್ಪು. ಓವರ್‌ಲಾಕ್ ಮೆಷಿನ್ನಿನ ಡಿಫರೆನ್ಷಿಯಲ್ ಫೀಡ್ (ಬಟ್ಟೆಯನ್ನು ಸೂಜಿಯ ಮುಂದೆ, ಹಿಂದೆ ಬೇರೆ ಬೇರೆ ವೇಗದಲ್ಲಿ ತಳ್ಳುವ ವ್ಯವಸ್ಥೆ) ಸ್ವಲ್ಪ ಏರಿಸಿ. ಕತ್ತಿನ ರಿಬ್ ಪಟ್ಟಿಯನ್ನೂ ಬೇರೆಯಾಗಿ ಒಗೆದು ನೋಡಿ. ಮೈಯ ಬಟ್ಟೆ ಒಂದು ತೆರ, ಪಟ್ಟಿ ಇನ್ನೊಂದು ತೆರ ಕುಗ್ಗಿದರೆ ಕತ್ತು ಸುಕ್ಕಾಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಯಜಮಾನರ ಬನಿಯನ್ ಬಳ್ಳಿಯಲ್ಲಿ ನೇತು ಹಾಕಿ ಹಾಕಿ ಮೊಣಕಾಲಿಗೆ ಬಂದಿದೆ. ಬೆಂಗಳೂರಿನಲ್ಲಿರುವ ಮಗನದ್ದು ಅದೇ ಕಂಪೆನಿಯ ಬನಿಯನ್ ಗಿಡ್ಡ ಆಗುತ್ತದಂತೆ. ಇದೇನು ಕತೆ?
— ಓದುಗರೊಬ್ಬರು, ಮಲ್ಪೆ

ಉತ್ತರ: ಮಗನ ಮನೆಯಲ್ಲಿ ಡ್ರೈಯರ್ ಇರಬೇಕು. ಅದರಲ್ಲಿ ಬಟ್ಟೆ ಎದ್ದು ಬಿದ್ದು ಒಣಗುತ್ತದೆ, ಕುಣಿಕೆಗಳ ಮೇಲೆ ಎಳೆತ ಇಲ್ಲ, ಪೂರ್ತಿ ಕುಗ್ಗುತ್ತವೆ. ನಿಮ್ಮಲ್ಲಿ ಒದ್ದೆ ಬನಿಯನ್ನಿನ ನೀರೆಲ್ಲ ಬುಡಕ್ಕಿಳಿದು, ಆ ಭಾರ ಇಡೀ ದಿನ ಕುಣಿಕೆಗಳನ್ನು ಕೆಳಕ್ಕೆ ಜಗ್ಗುತ್ತದೆ. ಉದ್ದ ಆದಷ್ಟು ಅಗಲ ಕಡಿಮೆಯೂ ಆಗಿರುತ್ತದೆ, ನೋಡಿ. ಮಳೆಗಾಲದಲ್ಲಿ ಒಣಗಲು ಹೊತ್ತು ಹಿಡಿಯುವುದರಿಂದ ಜಗ್ಗುವುದೂ ಜಾಸ್ತಿ ಹೊತ್ತು. ಹಿಂಡದೆ ನೇತು ಹಾಕಬೇಡಿ. ಭುಜದಲ್ಲಿ ಕ್ಲಿಪ್ ಹಾಕುವ ಬದಲು ನಡುವಿನಲ್ಲಿ ಮಡಚಿ ಬಳ್ಳಿಯ ಮೇಲೆ ಹಾಕಿ. ಈಗಾಗಲೇ ಉದ್ದ ಆದದ್ದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡಿ, ಬೈರಾಸಿನ ಮೇಲೆ ಅಗಲಕ್ಕೆ ತಟ್ಟಿ ಫ್ಯಾನ್ ಕೆಳಗೆ ಒಣಗಿಸಿ. ಸುಮಾರು ಸರಿಯಾಗುತ್ತದೆ. ನೂಲೇ ಸವೆದಿದ್ದರೆ ನೆಲ ಒರೆಸಲು ಆಯಿತು.

ಪ್ರಶ್ನೆ: ಮೊಮ್ಮಗಳ ಉಣ್ಣೆಯ ಸ್ವೆಟರ್ ಮೆಷಿನ್ನಿಗೆ ಹಾಕಿದ್ದು ಗೊಂಬೆಯ ಸ್ವೆಟರ್ ಆಗಿದೆ. ಎಳೆದರೂ ಬರುವುದಿಲ್ಲ.
— ಓದುಗರೊಬ್ಬರು, ಕಾರ್ಕಳ

ಉತ್ತರ: ಬರುವುದಿಲ್ಲ. ಉಣ್ಣೆಯ ಎಳೆಯ ಮೇಲೆ ಸೂಕ್ಷ್ಮ ಹುರುಪೆಗಳಿರುತ್ತವೆ. ಬಿಸಿ ಸೋಪು ನೀರಿನಲ್ಲಿ ಉಜ್ಜಾಡಿದಾಗ ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡು ಕಂಬಳಿಯ ಹಾಗೆ ಗಟ್ಟಿಯಾಗುತ್ತವೆ. ಹತ್ತಿಯದ್ದನ್ನು ತಟ್ಟಿ ಸರಿಮಾಡಬಹುದು, ಇದನ್ನು ಆಗುವುದಿಲ್ಲ. ಮುಂದೆ ಉಣ್ಣೆಯದ್ದಾದರೆ ತಣ್ಣೀರು, ಉಣ್ಣೆಗೆಂದೇ ಬರುವ ಲಿಕ್ವಿಡ್, ಉಜ್ಜದೆ ಅದ್ದಿ ತೆಗೆಯುವುದು, ಚಪ್ಪಟೆ ಹಾಸಿ ಒಣಗಿಸುವುದು. ಪೇಟೆಯಲ್ಲಿ ಉಣ್ಣೆ ಅಂತ ಸಿಗುವ ಅಗ್ಗದ ಸ್ವೆಟರುಗಳಲ್ಲಿ ಹಲವು ಅಕ್ರಿಲಿಕ್, ಲೇಬಲ್ ನೋಡಿ. ಅವು ಹೀಗೆ ಗಂಟುಕಟ್ಟುವುದಿಲ್ಲ. ಆದರೆ ಬಿಸಿ ಇಸ್ತ್ರಿ ಇಟ್ಟರೆ ಜೋಲು ಬಿದ್ದು ಹೋಗುತ್ತವೆ.