ಹೆಸರಿನ ಮೇಲೆ ಗೆರೆ ಎಳೆಯುವ ಮುನ್ನ

ಪತ್ರ: ಮಾನ್ಯರೇ, 2025ರ ಜೂನ್‌ನಲ್ಲಿ ಯುರೋಪಿಗೆ ಹೋದ ನಮ್ಮ ಪುರುಷರ ಹಾಕಿ ತಂಡ ದೇಶ ದೇಶಗಳ ನಡುವಿನ ಪ್ರೊ ಲೀಗ್‌ನಲ್ಲಿ ಸಾಲಾಗಿ ಏಳು ಪಂದ್ಯ ಸೋತಿತು. ಅಂದಿನಿಂದ ನನಗೂ ನನ್ನ ಗೆಳೆಯನಿಗೂ ಜಗಳ ಮುಗಿದಿಲ್ಲ. ಮೂವತ್ತು ದಾಟಿದವರನ್ನೆಲ್ಲ ಕೈಬಿಟ್ಟು, ಶ್ರೀಜೇಶ್ ನಂತರದ ಗೋಲ್‌ಕೀಪರುಗಳಾದ ಪಾಠಕ್, ಕರ್ಕೇರ ಇಬ್ಬರನ್ನೂ ಬದಲಿಸಿ, ಕೋಚ್ ಜೊತೆಗಿನ ಒಪ್ಪಂದ ಮುಗಿಸಿ, ಜೂನಿಯರ್ ಹುಡುಗರನ್ನೇ ಆಡಿಸಬೇಕಿತ್ತು ಎಂಬುದು ನನ್ನ ವಾದ. ಏಷ್ಯಾ ಕಪ್ ಗೆದ್ದ ಮೇಲೂ ನನ್ನ ಅಭಿಪ್ರಾಯ ಬದಲಾಗಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದ ತಂಡವನ್ನು ಪೂರ್ತಿ ಗುಡಿಸಿ ಹಾಕಿದ್ದರಿಂದಲೇ ಟೋಕಿಯೊದಲ್ಲಿ ಪದಕ ಬಂತಲ್ಲವೇ? ಲಂಡನ್ ತಂಡದ ಒಬ್ಬನಾದರೂ ಟೋಕಿಯೊ ಪದಕ ಗೆದ್ದಿದ್ದರೆ ಹೊಸ ಹಾಕಿ ಸ್ಟಿಕ್ ಕೊಡಿಸುತ್ತೇನೆ ಎಂದು ಗೆಳೆಯನೊಂದಿಗೆ ಪಂಥ ಕಟ್ಟಿದ್ದೇನೆ. ತೀರ್ಪು ನೀವು ಹೇಳಿ. ಹೆಸರು ಪ್ರಕಟಿಸಬೇಡಿ.
— ಓದುಗ, ಸೋಮವಾರಪೇಟೆ

ಸಂಪಾದಕರ ಉತ್ತರ: ನಿಮ್ಮ ಪತ್ರವನ್ನು ಮೂರು ಬಾರಿ ಓದಿದೆ. ಹಾಕಿಯ ವಿಷಯಕ್ಕೆ ಇಬ್ಬರು ಗೆಳೆಯರು ತಿಂಗಳುಗಟ್ಟಲೆ ಜಗಳವಾಡುವ ಊರು ಇನ್ನೂ ಇದೆ ಎಂಬುದೇ ನನಗೆ ಸಂತೋಷ. ಕ್ರೀಡಾಪುಟ ತುಂಬ ಕ್ರಿಕೆಟ್ ಹರಡಿಕೊಂಡಿರುವ ಈ ಕಾಲದಲ್ಲಿ ಪಾಠಕ್ ಮತ್ತು ಕರ್ಕೇರ ಇರಬೇಕೋ ಬೇಡವೋ ಎಂದು ಪತ್ರ ಬರೆಯುವವರು ನಮ್ಮ ಬಂಧುಗಳು. ಆದರೆ ಬಂಧುವಿಗೆ ನಿಷ್ಠುರದ ಮಾತನ್ನೂ ಹೇಳಬೇಕಾಗುತ್ತದೆ.

ನಿಮ್ಮ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಹೊಸಬರು ಬರದ ತಂಡ ಕೊಳೆಯುತ್ತದೆ. 2001ರಲ್ಲಿ ಹೋಬಾರ್ಟ್‌ನಲ್ಲಿ, 2016ರಲ್ಲಿ ಲಖನೌನಲ್ಲಿ ಜೂನಿಯರ್ ವಿಶ್ವಕಪ್ ಗೆದ್ದವರು ನಮ್ಮ ಹುಡುಗರೇ. ಇಷ್ಟನ್ನು ಒಪ್ಪಿ ಮುಂದಕ್ಕೆ ಹೋಗುತ್ತೇನೆ.

ಮೊದಲು ಆ ಏಳು ಸೋಲುಗಳನ್ನೇ ನೋಡೋಣ. ನೆದರ್ಲೆಂಡ್ಸ್ ವಿರುದ್ಧ 1–2 ಮತ್ತು 2–3. ಅರ್ಜೆಂಟೀನಾ ವಿರುದ್ಧ 3–4 ಮತ್ತು 1–2. ಆಸ್ಟ್ರೇಲಿಯಾ ವಿರುದ್ಧ ಎರಡು ಸಲವೂ 2–3. ಕೊನೆಗೆ ಬೆಲ್ಜಿಯಂ ವಿರುದ್ಧ 3–6. ಏಳರಲ್ಲಿ ಆರು ಪಂದ್ಯ ಒಂದೇ ಗೋಲಿನ ಅಂತರದಲ್ಲಿ ಹೋದವು. ಇದು ಬುಡವೇ ಕೊಳೆತ ತಂಡದ ಲೆಕ್ಕವೇ? ಒಂದು ಪೆನಾಲ್ಟಿ ಕಾರ್ನರ್ ಸರಿಯಾಗಿ ಕೂತಿದ್ದರೆ, ಕೊನೆಯ ಕ್ವಾರ್ಟರ್‌ನಲ್ಲಿ ಒಂದು ಪಾಸ್ ತಪ್ಪದಿದ್ದರೆ ನೀವು ಈ ಪತ್ರವನ್ನೇ ಬರೆಯುತ್ತಿರಲಿಲ್ಲ. ಎಂಟನೆಯ ಪಂದ್ಯದಲ್ಲಿ ಅದೇ ಬೆಲ್ಜಿಯಂ ವಿರುದ್ಧ ಅದೇ ಆಟಗಾರರು 4–3ರಿಂದ ಗೆದ್ದರು. ಒಂಬತ್ತು ತಂಡಗಳ ಲೀಗ್‌ನಲ್ಲಿ ಎಂಟನೆಯ ಸ್ಥಾನ ಬಂತು, ಹಿಂಬಡ್ತಿ ಸ್ವಲ್ಪದರಲ್ಲಿ ತಪ್ಪಿತು; ಅದು ನನಗೂ ನೋವಿನ ವಿಷಯವೇ. ಆದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಲಿಲ್ಲ. ಕ್ರೇಗ್ ಫುಲ್ಟನ್ ಕೋಚ್ ಆಗಿಯೇ ಉಳಿದರು, ಹಿರಿಯರ ಗುಂಪೂ ಬಹುಪಾಲು ಹಾಗೇ ಉಳಿಯಿತು. ಸೆಪ್ಟೆಂಬರ್‌ನಲ್ಲಿ ರಾಜಗೀರ್‌ನಲ್ಲಿ ಕೊರಿಯಾವನ್ನು 4–1ರಿಂದ ಸೋಲಿಸಿ ಏಷ್ಯಾ ಕಪ್ ಗೆದ್ದು, 2026ರ ವಿಶ್ವಕಪ್‌ಗೆ ನೇರ ಪ್ರವೇಶ ಪಡೆದರು. ಆ ಫೈನಲ್‌ನಲ್ಲಿ ಗೋಲು ಹೊಡೆದವರಲ್ಲಿ ಮೂವತ್ತು ದಾಟಿದ ಅಮಿತ್ ರೋಹಿದಾಸ್ ಕೂಡ ಒಬ್ಬರು.

ಆ ಜೂನ್ ತಿಂಗಳಿನ ಮೊದಲ ಸೋಲುಗಳು ನಡೆದದ್ದು ನೆದರ್ಲೆಂಡ್ಸ್‌ನ ಆಮ್ಸ್ಟೆಲ್‌ವೀನ್‌ನಲ್ಲಿ. ಆ ಊರಿನ ಹೆಸರು ಕಿವಿಗೆ ಬಿದ್ದಾಗ ಕೊಡಗಿನ ಹಳಬರು ಒಮ್ಮೆ ಸುಮ್ಮನಾಗುತ್ತಾರೆ. ನೀವು ಚಿಕ್ಕವರು, ನಿಮಗೆ ಗೊತ್ತಿರಲಿಕ್ಕಿಲ್ಲ. 1973ರ ವಿಶ್ವಕಪ್ ಫೈನಲ್ ಅಲ್ಲಿಯೇ ನಡೆಯಿತು. ನಾಯಕ ನಮ್ಮ ಎಂ.ಪಿ. ಗಣೇಶ್. ಶುರುವಿನಲ್ಲೇ ಭಾರತ 2–0 ಮುಂದೆ ಇತ್ತು, ನೆದರ್ಲೆಂಡ್ಸ್ ಸಮ ಮಾಡಿತು. ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ಗೋಲು ಹೊಡೆದರೆ ಅಲ್ಲಿಗೇ ಆಟ ಮುಗಿದು ವಿಶ್ವಕಪ್ ಕೈಗೆ ಬರುವ ಹೊತ್ತಿನಲ್ಲಿ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಚೆಂಡಿನ ಮುಂದೆ ನಿಂತವರು ಬಿ.ಪಿ. ಗೋವಿಂದ. ಅವರ ಹೊಡೆತ ಗೋಲಾಗಲಿಲ್ಲ. ಕೊನೆಗೆ ಟೈಬ್ರೇಕರ್‌ನಲ್ಲಿ ಕಪ್ ಕೈತಪ್ಪಿತು.

ಇಂದಿನ ಅಭಿಮಾನಿಗಳ ಕೈಗೆ ಸಿಕ್ಕಿದ್ದರೆ ಗೋವಿಂದರ ಗತಿ ಏನಾಗುತ್ತಿತ್ತು, ನೀವೇ ಹೇಳಿ. ಒಂದು ದೇಶದ ವಿಶ್ವಕಪ್ ಒಬ್ಬ ಆಟಗಾರನ ಸ್ಟಿಕ್ಕಿನಿಂದ ಜಾರಿತು ಎಂದ ಮೇಲೆ ಆತನಿಗೆ ಇನ್ನೊಂದು ಅವಕಾಶವೇ? ಆದರೆ ಅಂದಿನ ಆಯ್ಕೆಗಾರರು ಗೆರೆ ಎಳೆಯಲಿಲ್ಲ. ಎರಡು ವರ್ಷದ ನಂತರ, 1975ರಲ್ಲಿ ಕ್ವಾಲಾಲಂಪುರದಲ್ಲಿ ಭಾರತ ವಿಶ್ವಕಪ್ ಗೆದ್ದಾಗ ತಂಡದಲ್ಲಿ ಗೋವಿಂದ ಇದ್ದರು. ನಮ್ಮ ಪುರುಷರ ತಂಡ ಗೆದ್ದ ವಿಶ್ವಕಪ್ ಅದೊಂದೇ. ನನ್ನ ಮೇಜಿನ ಗಾಜಿನ ಕೆಳಗೆ ಆ ತಂಡದ ಪಟ್ಟಿಯನ್ನು ಕೈಯಲ್ಲಿ ಬರೆದು ಇಟ್ಟುಕೊಂಡಿದ್ದೇನೆ. ಯಾರನ್ನಾದರೂ ಕಿತ್ತುಹಾಕಿ ಎಂಬ ಪತ್ರ ಬಂದಾಗಲೆಲ್ಲ ಕಣ್ಣು ಆ ಹೆಸರಿನ ಕಡೆಗೆ ಹೋಗುತ್ತದೆ.

ಇದರ ತದ್ವಿರುದ್ಧದ ಕಥೆಯೂ ನಮ್ಮಲ್ಲೇ ನಡೆದಿದೆ, ಮತ್ತು ಅದು ಗೆದ್ದವರ ಕಥೆ. 1998ರ ಡಿಸೆಂಬರ್, ಬ್ಯಾಂಕಾಕ್ ಏಷ್ಯನ್ ಗೇಮ್ಸ್. 32 ವರ್ಷಗಳ ಬಳಿಕ ಭಾರತಕ್ಕೆ ಹಾಕಿ ಚಿನ್ನ. ನಾಯಕ ಧನರಾಜ್ ಪಿಳ್ಳೈ. ಫೈನಲ್‌ನಲ್ಲಿ ಕೊರಿಯಾದ ಸ್ಟ್ರೋಕ್‌ಗಳನ್ನು ತಡೆದವರು ಆಶಿಶ್ ಬಲ್ಲಾಳ್, ಮುಂದೆ ಬೆಂಗಳೂರಿನಲ್ಲಿ ಮಕ್ಕಳಿಗೆ ಹಾಕಿ ಕಲಿಸಿದ ಅದೇ ಬಲ್ಲಾಳ್. ಕೋಚ್ ಎಂ.ಕೆ. ಕೌಶಿಕ್. ಪದಕ ಕೊರಳಿಗೆ ಬಿದ್ದು ಹೆಚ್ಚು ಕಾಲ ಆಗಿರಲಿಲ್ಲ. ಮುಂದಿನ ಸರಣಿಯ ತಂಡದಲ್ಲಿ ಧನರಾಜ್ ಇಲ್ಲ, ಬಲ್ಲಾಳ್ ಇಲ್ಲ, ಇನ್ನೂ ಹಲವು ಹಿರಿಯರು ಇಲ್ಲ. ಕೌಶಿಕ್ ಕೂಡ ಹೊರಗೆ. ಹಿರಿಯರಿಗೆ ‘ವಿಶ್ರಾಂತಿ’ ಕೊಡಲಾಗಿದೆ ಎಂಬ ಸಮಜಾಯಿಷಿ ಬಂತು. ಪಂದ್ಯದ ಸಂಭಾವನೆ ಇಲ್ಲ, ಸೌಲಭ್ಯ ಇಲ್ಲ ಎಂದು ಧನರಾಜ್ ಬಾಯಿಬಿಟ್ಟು ಕೇಳಿದ್ದೇ ಕಾರಣ ಎಂದು ಹಾಕಿ ಬಲ್ಲವರೆಲ್ಲ ಅಂದು ಮಾತಾಡಿಕೊಂಡರು. ಸೋತರೆ ತೆಗೆಯುತ್ತೀರಿ ಎಂದರೆ ಅರ್ಥ ಮಾಡಿಕೊಳ್ಳಬಹುದು. ಗೆದ್ದರೂ ತೆಗೆದಿರಲ್ಲ! ಆ ಸಿಟ್ಟು ನನಗೆ ಇಂದಿಗೂ ಆರಿಲ್ಲ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ಕೆಣಕಿದ ಪದಕ್ಕೆ ಬರುತ್ತೇನೆ: ಒಪ್ಪಂದ. ಕೋಚ್ ಒಪ್ಪಂದ ಮುಗಿಸಬೇಕಿತ್ತು ಎಂದಿರಿ. ಆಟಗಾರನ ಒಪ್ಪಂದದ ಬಗ್ಗೆ ಒಂದು ಮಾತೂ ಬರೆದಿಲ್ಲ. ಬರೆಯುವುದಾದರೂ ಹೇಗೆ? ಕ್ರಿಕೆಟ್ ಮಂಡಳಿ ಆಟಗಾರರನ್ನು ದರ್ಜೆವಾರು ವಿಂಗಡಿಸಿ, ಇಂಥವರಿಗೆ ವರ್ಷಕ್ಕೆ ಇಷ್ಟು ಕೋಟಿ ಎಂದು ಪಟ್ಟಿ ಪ್ರಕಟಿಸುತ್ತದೆ. ಆ ಪಟ್ಟಿಯಿಂದ ಒಂದು ಹೆಸರು ಬಿದ್ದರೆ ದೇಶವೇ ಏಕೆ ಎಂದು ಕೇಳುತ್ತದೆ. ಹಾಕಿಯಲ್ಲಿ ಅಂಥ ಪದ್ಧತಿ ಬೇರೂರಲೇ ಇಲ್ಲ. ನಮ್ಮ ಆಟಗಾರ ಬದುಕುವುದು ರೈಲ್ವೆಯ, ತೈಲ ಕಂಪನಿಯ, ಪೊಲೀಸ್ ಇಲಾಖೆಯ ನೌಕರಿಯ ಮೇಲೆ. ಗೆದ್ದ ಪ್ರತಿ ಪಂದ್ಯಕ್ಕೆ ಆಟಗಾರನಿಗೆ 50,000 ರೂಪಾಯಿ ಎಂದು ಹಾಕಿ ಇಂಡಿಯಾ ಘೋಷಿಸಿದ್ದು 2022ರಲ್ಲಿ. ಧ್ಯಾನ್‌ಚಂದ್ ಮೊದಲ ಚಿನ್ನ ಗೆದ್ದದ್ದು 1928ರಲ್ಲಿ! ಗೆದ್ದರೆ ಹಣ ಸರಿ, ಸೋತ ತಿಂಗಳಲ್ಲಿ ಆತ ಏನು ಮಾಡಬೇಕು?

2010ರ ಜನವರಿಯನ್ನು ನೆನಪಿಸಿಕೊಳ್ಳಿ. ದೆಹಲಿಯಲ್ಲಿ ವಿಶ್ವಕಪ್‌ಗೆ ತಿಂಗಳೆರಡು ಬಾಕಿ. ಪುಣೆಯ ಶಿಬಿರದಲ್ಲಿ ನಮ್ಮ ಆಟಗಾರರು, ಬರಬೇಕಾದ ಹಣ ಬರುವವರೆಗೆ ಅಭ್ಯಾಸಕ್ಕೆ ಇಳಿಯುವುದಿಲ್ಲ ಎಂದು ಕುಳಿತರು. ದೇಶಕ್ಕಿಂತ ದುಡ್ಡು ದೊಡ್ಡದೇ ಎಂದು ಬೈದವರಿದ್ದರು. ನಾನು ಅಂದು ಈ ಪುಟದಲ್ಲಿ ಆಟಗಾರರ ಪರವಾಗಿ ಬರೆದೆ, ಇಂದೂ ಅದನ್ನೇ ಬರೆಯುತ್ತೇನೆ. ಕಾಗದದಲ್ಲಿ ಬರೆದು ಕೊಟ್ಟ ಮಾತು ಇಲ್ಲದವನನ್ನು ಕೈಬಿಡಲು ಯಾರಿಗೂ ಖರ್ಚಿಲ್ಲ. ಖರ್ಚಿಲ್ಲದ್ದರಿಂದಲೇ ನಮ್ಮ ಆಯ್ಕೆಗಾರರ ಪೆನ್ನು ಅಷ್ಟು ಸಲೀಸಾಗಿ ಓಡುತ್ತದೆ. ಎರಡು ವರ್ಷದ ಒಪ್ಪಂದ ಕೊಟ್ಟವರು ಆಟಗಾರನ ಮೊಣಕಾಲು ನೋಡಿಕೊಳ್ಳುತ್ತಾರೆ, ಮನಸ್ಸು ನೋಡಿಕೊಳ್ಳುತ್ತಾರೆ, ತೆಗೆಯುವಾಗ ಲೆಕ್ಕ ಕೊಡುತ್ತಾರೆ.

ಹಾಕಿ ಇಂಡಿಯಾ ಲೀಗ್ ಇದೆಯಲ್ಲ ಎನ್ನಬಹುದು. ಇದೆ. 2024ರ ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗ್ ಅವರಿಗೆ 78 ಲಕ್ಷ ರೂಪಾಯಿ ಬಂದಾಗ ನಾನು ನಿಜವಾಗಿಯೂ ಹಿಗ್ಗಿದೆ. ಆದರೆ ಕೆಲವು ವಾರಗಳ ಲೀಗ್‌ಗೆ ಇಷ್ಟು ಎಂದು ಬರೆದು ಸಹಿ ಹಾಕುವ ನಾವು, ದೇಶದ ಅಂಗಿ ತೊಡುವ ವರ್ಷವಿಡೀ ದುಡಿಮೆಗೆ ಏಕೆ ಬರೆದು ಕೊಡುವುದಿಲ್ಲ? ಇನ್ನೊಂದು ಸಂಕಟವನ್ನೂ ಹೇಳಿಬಿಡುತ್ತೇನೆ. ಮತ್ತೆ ಶುರುವಾದ ಆ ಲೀಗ್‌ನ ಎಂಟು ಪುರುಷರ ತಂಡಗಳಲ್ಲಿ ದೆಹಲಿ ಇತ್ತು, ಹೈದರಾಬಾದ್ ಇತ್ತು, ತಮಿಳುನಾಡು, ಬಂಗಾಳ, ಒಡಿಶಾ ಇದ್ದವು. ಕರ್ನಾಟಕದ ಹೆಸರಿನ ತಂಡ ಇರಲಿಲ್ಲ. ಎಂ.ಎಂ. ಸೋಮಯ್ಯ, ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್ ಅವರನ್ನು ಕೊಟ್ಟ ನಾಡು ಇದು. ನಮ್ಮ ಸಿರಿವಂತ ಉದ್ಯಮಗಳಿಗೆ ಇದು ಕಾಣಲಿಲ್ಲವೇ?

ಕೋಚ್‌ಗಳ ವಿಷಯ ಬೇಗ ಮುಗಿಸುತ್ತೇನೆ. ಬ್ರಾಸಾ, ನಾಬ್ಸ್, ವಾಲ್ಷ್, ವ್ಯಾನ್ ಆಸ್, ಓಲ್ಟ್‌ಮನ್ಸ್, ಮರೀನ್, ಹರೇಂದ್ರ, ರೀಡ್: 2009ರಿಂದ 2019ರ ನಡುವೆ ಬಂದ ಎಂಟು ಹೆಸರುಗಳಿವು. 2014ರಲ್ಲಿ ಇಂಚೆಯಾನ್‌ನಲ್ಲಿ ಏಷ್ಯನ್ ಗೇಮ್ಸ್ ಚಿನ್ನ ತಂದುಕೊಟ್ಟ ಟೆರ್ರಿ ವಾಲ್ಷ್ ಕೆಲವೇ ವಾರಗಳಲ್ಲಿ ಹೊರಟುಹೋದರು. ಬಿತ್ತಿದ ಮರುದಿನವೇ ಮಣ್ಣು ಕೆದಕಿ ಮೊಳಕೆ ಹುಡುಕುವ ಅಭ್ಯಾಸ ನಮ್ಮದು. ಗ್ರಹಾಂ ರೀಡ್ ಅವರಿಗೆ ಸಮಯ ಸಿಕ್ಕಿತು, ಟೋಕಿಯೊ ಕಂಚು ಬಂತು. ಫುಲ್ಟನ್ ಒಂಬತ್ತನೆಯವರು; ಹತ್ತನೆಯ ಹೆಸರನ್ನು ಹುಡುಕಿ ಎಂದು ನನ್ನಿಂದ ಹೇಳಿಸಬೇಡಿ.

ಈ ಅಭ್ಯಾಸ ಮೈದಾನಕ್ಕೆ ಸೀಮಿತವೂ ಅಲ್ಲ. ಶಾಲೆಯ ಫಲಿತಾಂಶ ಇಳಿದರೆ ಮೇಷ್ಟರ ವರ್ಗಾವಣೆ, ಬಸ್ ಕೆಟ್ಟು ನಿಂತರೆ ಚಾಲಕನಿಗೆ ನೋಟಿಸು. ನಾನು ಕಾಲೇಜಿನಲ್ಲಿದ್ದಾಗ ನನ್ನ ಸಹಪಾಠಿಯೊಬ್ಬ ನಮ್ಮ ತಂಡದ ಗೋಲ್‌ಕೀಪರ್. ಒಂದು ಪಂದ್ಯದಲ್ಲಿ ಐದು ಗೋಲು ಬಿಟ್ಟ. ಮುಂದಿನ ವಾರ ಬೆಳಗಿನ ಬಸ್ಸಿನಲ್ಲಿ ಪ್ಯಾಡುಗಳ ಚೀಲ ಹೊತ್ತು ಬಂದವನು ನೋಟಿಸ್ ಬೋರ್ಡಿನ ಮುಂದೆ ನಿಂತ. ಟೈಪ್ ಮಾಡಿದ ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ, ಪಕ್ಕದಲ್ಲಿ ಬೇರೊಬ್ಬನ ಹೆಸರು. ಯಾರೂ ಕರೆದು ಹೇಳಿರಲಿಲ್ಲ. ಅವನು ಚೀಲವನ್ನು ಅಲ್ಲೇ ಗೋಡೆಗೆ ಒರಗಿಸಿ ಹೋದ. ಸಂಜೆಯವರೆಗೂ ಅದು ಅಲ್ಲೇ ಇತ್ತು. ನಾನೇ ಹೊತ್ತುಕೊಂಡು ಅವನ ಕೋಣೆಗೆ ಮುಟ್ಟಿಸಿದೆ. ಅವನು ಮತ್ತೆ ಆಡಲಿಲ್ಲ.

ಇನ್ನು ನಿಮ್ಮ ಪಂಥ. ಲಂಡನ್ನಿನಲ್ಲಿ ಆರಕ್ಕೆ ಆರೂ ಪಂದ್ಯ ಸೋತು ಹನ್ನೆರಡನೆಯ ಸ್ಥಾನ ಪಡೆದ ತಂಡದಲ್ಲಿ ನಾಯಕ ಭರತ್ ಚೆಟ್ರಿಯ ಜೊತೆಗೆ ಇನ್ನೊಬ್ಬ ಗೋಲ್‌ಕೀಪರ್ ಇದ್ದರು: ಪಿ.ಆರ್. ಶ್ರೀಜೇಶ್. ಇಪ್ಪತ್ತು ವರ್ಷದ ಒಬ್ಬ ಹುಡುಗ ಇದ್ದ: ಮನ್‌ಪ್ರೀತ್ ಸಿಂಗ್. ಡಿಫೆಂಡರ್ ಬೀರೇಂದ್ರ ಲಾಕ್ರಾ ಇದ್ದರು. ಒಂಬತ್ತು ವರ್ಷದ ನಂತರ ಟೋಕಿಯೊದ ಪದಕ ವೇದಿಕೆಯಲ್ಲಿ ಈ ಮೂವರೂ ನಿಂತಿದ್ದರು, ಮನ್‌ಪ್ರೀತ್ ನಾಯಕನಾಗಿ. ಜರ್ಮನಿ ವಿರುದ್ಧ 5–4 ಇದ್ದಾಗ ಕೊನೆಯ ಸೆಕೆಂಡುಗಳ ಪೆನಾಲ್ಟಿ ಕಾರ್ನರ್ ತಡೆದ ಕೈ ಲಂಡನ್ನಿನಲ್ಲಿ ಸೋತಿದ್ದ ಕೈ. ನಡುವೆ 2017ರಲ್ಲಿ ಶ್ರೀಜೇಶರ ಮೊಣಕಾಲು ಕೆಟ್ಟು ತಿಂಗಳುಗಟ್ಟಲೆ ಆಟದಿಂದ ದೂರವಿದ್ದರು. ಆಗಲೂ ಇವರ ಕಾಲ ಮುಗಿಯಿತು ಎಂದವರಿದ್ದರು. ಪಾಠಕ್ ಮತ್ತು ಕರ್ಕೇರ ಬಗ್ಗೆ ನೀವು ಬರೆದದ್ದನ್ನು ಓದುವಾಗ ನನಗೆ ಆ ಮಾತುಗಳೇ ನೆನಪಾದವು. ನಿಮ್ಮೂರಿನ ಎಸ್.ವಿ. ಸುನಿಲ್ ಕೂಡ ಆ ಲಂಡನ್ ತಂಡದಲ್ಲಿದ್ದವರೇ. 264 ಪಂದ್ಯ ಆಡಿದ ಅವರು ಟೋಕಿಯೊ ತಂಡಕ್ಕೆ ಆಯ್ಕೆಯಾಗದೆ ಅದೇ ವರ್ಷ ನಿವೃತ್ತರಾದರು. ಅವರ ಊರಿನಲ್ಲೇ ಕೂತು ಲಂಡನ್ ತಂಡವನ್ನು ಗುಡಿಸಿ ಹಾಕಿದ್ದು ಒಳ್ಳೆಯದಾಯಿತು ಎಂದು ಬರೆಯಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ನಾನು ಹೀಗೆ ಗದರಿದ್ದಕ್ಕೆ ಬೇಸರಪಡಬೇಡಿ. 2024ರ ಏಪ್ರಿಲ್‌ನಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್ ನೋಡಲು ಹೋಗಿದ್ದೆ. 360 ಕೊಡವ ಕುಟುಂಬಗಳ ತಂಡಗಳು. ನಾನು ನೋಡಿದ ಒಂದು ಪಂದ್ಯದಲ್ಲಿ ಅಜ್ಜ, ಸೊಸೆ, ಮೊಮ್ಮಗ ಮೂವರೂ ಒಂದೇ ತಂಡದಲ್ಲಿ. ಅಜ್ಜ ಹಿಂಬದಿಯಲ್ಲಿ ನಿಂತಿದ್ದರು. ಸ್ಟಿಕ್ಕಿನ ಹಿಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿತ್ತು, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು. ಅವರು ಓಡಲಿಲ್ಲ. ಎದುರಾಳಿ ಹುಡುಗ ಓಡಿ ಬರುವ ದಾರಿಯನ್ನು ನೋಡಿ ಎರಡು ಹೆಜ್ಜೆ ಬಲಕ್ಕೆ ಸರಿದು ಸ್ಟಿಕ್ಕನ್ನು ನೆಲಕ್ಕೆ ಹಾಸಿದರು, ಅಷ್ಟೇ. ಚೆಂಡು ತಾನಾಗಿ ಬಂದು ತಟ್ಟಿತು. ಮೆಲ್ಲಗೆ ಮೊಮ್ಮಗನ ಕಡೆಗೆ ತಳ್ಳಿದರು, ಅವನು ಹಾರಿದ. ಅರ್ಧ ಮೈದಾನ ದಾಟುವವರೆಗೂ ಅಜ್ಜ ಅವನನ್ನೇ ನೋಡುತ್ತ, ಎಡಕ್ಕೆ ಹೋಗು, ಎಡಕ್ಕೆ ಹೋಗು ಎಂದು ಕೂಗುತ್ತಿದ್ದರು.

ಪಂಥ ನೀವು ಸೋತಿದ್ದೀರಿ. ಸ್ಟಿಕ್ ಕೊಳ್ಳುವಾಗ ಗೆಳೆಯನನ್ನೂ ಅಂಗಡಿಗೆ ಕರೆದೊಯ್ಯಿರಿ. ತೂಕ ಅವನ ಕೈಗೆ ಹೊಂದಬೇಕು.