ರಾತ್ರಿ ವ್ಯಾನ್ ಕರೆಸ್ಲಾ ಅಂತ ಕೇಳೋ ಮನೆಯವ್ರಿಗೆ

ಕೊಡಗಲ್ಲಿ ಕೌನ್ಸೆಲಿಂಗ್ ಮಾಡೋ ಯಾರನ್ನೇ ಕೇಳಿ, ಈ ಪ್ರಶ್ನೆ ಅವ್ರಿಗೆ ಬಂದೇ ಇರುತ್ತೆ. ಯಾರೋ ಒಂದು ನಂಬರ್ ಕೊಟ್ಟಿದ್ದಾರೆ ಮೇಡಂ, ಫೋನ್ ಮಾಡಿದ್ರೆ ರಾತ್ರಿ ವ್ಯಾನ್ ತಂದು, ಕುಡಿಯೋ ನಮ್ಮವ್ನನ್ನ ನಾಲ್ಕು ಜನ ಎತ್ಕೊಂಡ್ ಹೋಗ್ತಾರಂತೆ, ಮೂರ್ ತಿಂಗಳು ಇಟ್ಕೊಂಡು ಸರಿ ಮಾಡಿ ಕಳಿಸ್ತಾರಂತೆ, ಕರೆಸ್ಲಾ? ನಾನು ಬೇಡ ಅಂತೀನಿ, ಮನೆಯವ್ರು ಬೇಜಾರು ಮಾಡ್ಕೊಂಡು ಎದ್ದು ಹೋಗ್ತಾರೆ. ಯಾಕೆ ಬೇಡ ಅಂತೀನಿ ಅಂತ ಒಂದ್ಸಲ ಪೂರ್ತಿ ಹೇಳ್ಬೇಕು ಅನ್ಸಿದ್ದಕ್ಕೆ ಇದನ್ನ ಬರೀತಿದ್ದೀನಿ. ಊರು, ವಯಸ್ಸು, ಮನೆಮಂದಿ ಎಲ್ಲ ಬದ್ಲಾಯಿಸಿದ್ದೀನಿ.

ವಿರಾಜಪೇಟೆ ಕಡೆಯವ್ರು ಅಂತ ಇಟ್ಕೊಳ್ಳಿ. ಸ್ವಲ್ಪ ತೋಟ ಇದೆ, ನಲವತ್ತರ ಆಸುಪಾಸಿನ ಗಂಡಸು, ಬೆಳಿಗ್ಗೆ ಕೈ ನಡುಗೋದು ನಿಲ್ಲೋಕೇ ಕುಡೀಬೇಕು ಅನ್ನೋ ಸ್ಥಿತಿ. ಒಂದ್ಸಲ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದು ಪುತ್ತರಿ ಹಬ್ಬದ ತನಕ ಚೆನ್ನಾಗೇ ಇದ್ದ, ಆಮೇಲೆ ಮತ್ತೆ ಶುರು. ನನ್ ಹತ್ರ ಬಂದಿದ್ದು ಅವ್ನಲ್ಲ, ಹೆಂಡ್ತಿ ಮತ್ತೆ ತಾಯಿ.

ತಾಯಿ ಕೈಲಿ ಆ ನಂಬರ್ ಬರೆದಿರೋ ಚೀಟಿ ಇತ್ತು. ನಾನು ಮಾಮೂಲಿನ ಹಾಗೆ, ಒಬ್ಬ ದೊಡ್ಡ ಮನುಷ್ಯನ್ನ ಅವ್ನ ಒಪ್ಪಿಗೆ ಇಲ್ದೆ, ಡಾಕ್ಟರ್ ನೋಡ್ದೆ ಎತ್ಕೊಂಡ್ ಹೋಗೋಕೆ ಕಾನೂನಲ್ಲಿ ಅವಕಾಶ ಇಲ್ಲಮ್ಮ ಅಂದೆ. ಆಗ ಆಯಮ್ಮ ಹೇಳಿದ ಮಾತು ಈಗ್ಲೂ ನನ್ನನ್ನ ಬಿಟ್ಟಿಲ್ಲ. "ಅವ್ನಿಗೆ ಕಾನೂನಿದೆ ಅಂತೀಯಲ್ಲ ಮಗಳೇ, ರಾತ್ರಿ ಕೊಟ್ಟಿಗೇಲಿ ಮಲಗೋ ನನ್ ಸೊಸೆಗೆ ಯಾವ ಕಾನೂನಿದೆ?"

ಸೊಸೆ ಅಲ್ಲೀ ತನಕ ಬಾಯೇ ಬಿಟ್ಟಿರ್ಲಿಲ್ಲ. ಕೊಟ್ಟಿಗೇಲಿ ಯಾಕೆ ಮಲಗ್ತೀರಿ ಅಂದ್ರೆ ಉತ್ತರ ಇಲ್ಲ. ನಮ್ಮೂರಲ್ಲಿ ಕೇಳ್ಲೇಬೇಕಾದ ಪ್ರಶ್ನೆ ಒಂದಿದೆ, ಅದನ್ನ ಕೇಳಿದೆ, ಮನೇಲಿ ಕೋವಿ ಇದೆಯಾ? ಇದೆ. ಎಲ್ಲಿದೆ? ಗೋಡೆ ಮೇಲೆ, ಯಾವಾಗ್ಲೂ ಇರೋ ಜಾಗದಲ್ಲೇ. ತೋಟಾ, ಅಂದ್ರೆ ಅದರ ಗುಂಡು? ಆಕೆ ಅತ್ತೆ ಮುಖ ನೋಡಿದ್ರು, ಆಮೇಲೆ ನಿಧಾನಕ್ಕೆ, ಅಕ್ಕಿ ಡಬ್ಬದ ತಳದಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೀನಿ ಅಂದ್ರು. ಅತ್ತೆಗೇ ಗೊತ್ತಿರ್ಲಿಲ್ಲ. ಹಿಂದಿನ ವಾರ ಕುಡಿದು ಬಂದವ್ನು ಕೋವಿ ತೆಗೆದು ತೊಡೆ ಮೇಲಿಟ್ಕೊಂಡು, ನಾನೊಬ್ಬ ಹೋದ್ರೆ ನಿಮ್ಗೆಲ್ಲ ಆರಾಮಲ್ವಾ ಅಂತ ಕೇಳಿದ್ನಂತೆ. ಇಷ್ಟು ಹೊತ್ತು ಅವ್ರು ಕುಡ್ತದ ಬಗ್ಗೆ ಮಾತಾಡ್ತಿದ್ರು, ನಾನೂ ಅದನ್ನೇ ಕೇಳ್ತಿದ್ದೆ. ಈಗ ವಿಷ್ಯಾನೇ ಬೇರೆ ಆಯ್ತು.

ಯಾಕಂದ್ರೆ ಕಾನೂನು ಕೇಳೋದೇ ಇದನ್ನ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ, ಡ್ರಗ್ಸ್‌ನಿಂದ ಬರೋ ಮಾನಸಿಕ ಸ್ಥಿತಿಗಳೂ ಸೇರ್ತವೆ. ಕುಡೀತಾನೆ, ದುಡ್ಡು ಹಾಳ್ ಮಾಡ್ತಾನೆ ಅನ್ನೋ ಕಾರಣಕ್ಕೆ ಯಾರನ್ನೂ ಒಳಗೆ ಹಾಕೋ ಹಾಗಿಲ್ಲ. ಆದ್ರೆ ಇತ್ತೀಚೆಗೆ ತನ್ನ ಜೀವಕ್ಕೆ ಅಪಾಯ ಮಾಡ್ಕೊಳ್ತೀನಿ ಅಂತ ಹೆದರಿಸಿದ್ರೆ, ಇನ್ನೊಬ್ಬರ ಮೇಲೆ ಹಿಂಸೆಗೆ ಇಳಿದ್ರೆ, ಇಲ್ಲಾ ತನ್ನನ್ನ ತಾನು ನೋಡ್ಕೊಳ್ಳೋಕೆ ಆಗದೆ ಅಪಾಯದಲ್ಲಿದ್ರೆ, 89ನೇ ಸೆಕ್ಷನ್ ಇದೆ. ಮನೋವೈದ್ಯರು ಒಬ್ರು, ಜೊತೆಗೆ ಇನ್ನೊಬ್ಬ ಡಾಕ್ಟರೋ ಮಾನಸಿಕ ಆರೋಗ್ಯ ತಜ್ಞರೋ, ಇಬ್ರೂ ಬೇರೆ ಬೇರೆಯಾಗಿ ನೋಡಿ ಬೇಕು ಅಂದ್ರೆ, ನಾಮನಿರ್ದೇಶಿತ ಪ್ರತಿನಿಧಿಯ, ಅಂದ್ರೆ ಆತನ ಪರವಾಗಿ ಮಾತಾಡೋಕೆ ಗೊತ್ತಾದವ್ರ, ಅರ್ಜಿ ಮೇಲೆ 30 ದಿನದ ತನಕ ಅಡ್ಮಿಟ್ ಮಾಡ್ಬಹುದು. ಅದೂ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸ್ಬೇಕು, ಆತ ಬೇಕಾದ್ರೆ ಅಲ್ಲಿ ಅಪೀಲ್ ಹಾಕ್ಬಹುದು. ಸರಪಳಿ ಹಾಕಿ ಕಟ್ಟೋದಂತೂ ಪೂರ್ತಿ ನಿಷೇಧ.

ಅವತ್ತು ನಾನು ಕೊಟ್ಟ ಸಲಹೆ ಇಷ್ಟು. ಕೋವಿ, ತೋಟಾ ಎರಡೂ ಇವತ್ತೇ ಮನೆ ಬಿಡ್ಬೇಕು, ಸ್ಟೇಷನ್‌ಗೆ ಡೆಪಾಸಿಟ್ ಕೊಡಿ. ತಾಯಿಗೆ ಇದು ತುಂಬ ಕಷ್ಟ ಆಯ್ತು, ಕೈಲ್‌ಪೊಳ್ದ್ ಹಬ್ಬದ ದಿನ ಪೂಜೆ ಮಾಡೋ ಕೋವಿ, ಅದನ್ನ ಹೊರಗೆ ಕಳಿಸೋದು ಮನೆಮರ್ಯಾದೆ ಪ್ರಶ್ನೆ. ಹಬ್ಬ ಮುಂದಿನ ವರ್ಷಾನೂ ಬರುತ್ತಮ್ಮ ಅಂದೆ. ಎರಡನೇದು, ಬೆಳಿಗ್ಗೆ ಮಡಿಕೇರಿಯ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ರ ಕರ್ಕೊಂಡು ಹೋಗಿ, ಕೋವಿ ವಿಷ್ಯ ಮುಚ್ಚಿಡ್ಬೇಡಿ, ಬರೀ ಕುಡೀತಾರೆ ಅಂತ ಮಾತ್ರ ಹೇಳ್ಬೇಡಿ. ಮೂರನೇದು, ನೀವಾಗೇ ರೂಮಲ್ಲಿ ಕೂಡಿಹಾಕಿ ಕುಡಿತ ನಿಲ್ಲಿಸೋಕೆ ಹೋಗ್ಬೇಡಿ, ಪೇಟೇಲಿ ಸಿಗೋ ಕುಡಿತ ಬಿಡಿಸೋ ಪುಡಿ ಸಾರಿಗೆ ಬೆರೆಸ್ಬೇಡಿ. ಕೆಲವು ಪುಡಿಗಳಲ್ಲಿ ಇರೋದು ಡೈಸಲ್ಫಿರಾಮ್, ಅದು ಮೈಯಲ್ಲಿದ್ದಾಗ ಕುಡಿದ್ರೆ ಬಿಪಿ ಇಳಿದು ಜೀವಕ್ಕೇ ಬರ್ಬಹುದು, ಗೊತ್ತಿದ್ದು ಒಪ್ಪಿ ತಗೊಳ್ಳೋರಿಗೆ ಡಾಕ್ಟರ್ ಕೊಡೋ ಮಾತ್ರೆ ಅದು.

ಚೀಟಿ ಹರಿದು ಹಾಕಿ ಅಂದೆ. ಇದಕ್ಕೆ ನನ್ನನ್ನ ಬೈದವ್ರು ಜಾಸ್ತಿ, ಜೊತೇಲಿ ಕೆಲ್ಸ ಮಾಡೋರೂ ಸೇರಿ. ಮನೆಯವ್ರ ಸಂಕಟ ಇವ್ರಿಗೆ ಅರ್ಥ ಆಗಲ್ಲ, ಕಾನೂನು ಪುಸ್ತಕ ಹಿಡ್ಕೊಂಡು ಕೂತಿದ್ದಾರೆ ಅಂತ. ನಾನು ಹೇಳೋದು ಕೇಳಿ. ದಿನಾ ಬೆಳಿಗ್ಗೆಯಿಂದ ಕುಡಿಯೋ ಮನುಷ್ಯ ಇದ್ದಕ್ಕಿದ್ದ ಹಾಗೆ ನಿಲ್ಸಿದ್ರೆ ಮೊದಲ ಎರಡು ಮೂರು ದಿನದಲ್ಲೇ ಫಿಟ್ಸ್ ಬರ್ಬಹುದು, ಇಲ್ಲದ್ದೆಲ್ಲ ಕಣ್ಣಿಗೆ ಕಾಣ್ಬಹುದು, ಡೆಲಿರಿಯಮ್ ಟ್ರೆಮೆನ್ಸ್ ಅಂತಾರೆ, ಸರಿಯಾದ ಮಾತ್ರೆ, ಥಯಾಮಿನ್ ಇಂಜೆಕ್ಷನ್ ಇಲ್ದಿದ್ರೆ ಜನ ಸಾಯ್ತಾರೆ. ಡಾಕ್ಟರೇ ಇಲ್ಲದ, ನೋಂದಣಿ ಇಲ್ಲದ ಒಂದು ಮನೇಲಿ ಅದೇ ಮೂರು ದಿನ ಬಾಗ್ಲು ಹಾಕಿರ್ತಾರೆ. ಹೆರಾಯಿನ್ ಥರದ್ದು ತಗೊಳ್ತಿದ್ದ ಹುಡುಗ್ರದ್ದು ಇನ್ನೊಂದು ಅಪಾಯ, ತಿಂಗಳುಗಟ್ಲೆ ಕೂಡಿಹಾಕಿ ಬಿಟ್ಟಾಗ ಮೈಗೆ ಹಳೇ ಡೋಸ್ ತಡ್ಕೊಳ್ಳೋ ಶಕ್ತಿ ಇರಲ್ಲ, ಮೊದಲ ಸಲಾನೇ ಹೋಗ್ಬಿಡ್ತಾರೆ. ಇನ್ನು ವ್ಯಾನ್‌ನಲ್ಲಿ ಹೋಗಿ ಬಂದವ್ರು ನನ್ ಹತ್ರ ಕೂತು ಮಾತಾಡೋದು ಕುಡಿತದ ಬಗ್ಗೆ ಅಲ್ಲ, ಅವತ್ತು ರಾತ್ರಿ ಬಾಗ್ಲು ತೆಗೆದಿದ್ದು ಯಾರು ಅನ್ನೋದರ ಬಗ್ಗೆ.

ಆದ್ರೆ ಆಯಮ್ಮನ ಪ್ರಶ್ನೆಗೆ ಇದ್ಯಾವುದೂ ಉತ್ತರ ಅಲ್ಲ ಅಂತ ನನ್ಗೂ ಗೊತ್ತು. ಕಾನೂನು ಬದ್ಲಾಗ್ಬೇಕು ಅಂತ ನಾನೂ ಹೇಳ್ತೀನಿ, ಆದ್ರೆ ಇನ್ನೂ ಹೆಚ್ಚು ದಿನ ಒಳಗಿಡೋ ಕಡೆಗಲ್ಲ. ತೊಂದರೆ ಇರೋದು ಅದಕ್ಕಿಂತ ಮುಂಚೆ. ಆಸ್ಪತ್ರೆಗೆ ಬರಲ್ಲ ಅಂತ ಹಟ ಹಿಡಿದವ್ನನ್ನ ಡಾಕ್ಟರ್ ಮುಂದೆ ಕೂರಿಸೋ ಜವಾಬ್ದಾರಿ ಪೂರ್ತಿ ಹೆಂಡ್ತಿ ತಲೆ ಮೇಲಿದೆ. ಅಲ್ದೆ, ನಿರ್ಧಾರ ತಗೊಳ್ಳೋ ಸಾಮರ್ಥ್ಯ ಇದೆಯಾ ಅಂತ ನೋಡೋದು ಓಪಿಡಿಯಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ, ಆಗ ಅವ್ನು ಎಲ್ಲದಕ್ಕೂ ನೆಟ್ಟಗೆ ಉತ್ತರ ಕೊಡ್ತಾನೆ, ರಾತ್ರಿ ಎಂಟಕ್ಕೆ ಅದೇ ಮನುಷ್ಯ ಇರಲ್ಲ. ದಿನಾ ಹೋಗಿ ಬರೋ ಸಾಮರ್ಥ್ಯನ ಹೇಗೆ ಅಳೀಬೇಕು ಅಂತ ಕಾನೂನಲ್ಲಿ ಬಿಡಿಸಿ ಹೇಳ್ಬೇಕು. ನ್ಯೂಜಿಲೆಂಡ್‌ನವ್ರು 1966ರ ಹಳೇ ಕಾಯ್ದೆ ತೆಗೆದು 2017ರಲ್ಲಿ ಹೊಸದು ಮಾಡಿದ್ರು. ಚಟ ತೀವ್ರವಾಗಿದ್ದು ಚಿಕಿತ್ಸೆ ಬಗ್ಗೆ ನಿರ್ಧರಿಸೋ ಶಕ್ತಿ ತೀರಾ ಕುಂದಿದ್ರೆ ಮಾತ್ರ ಒತ್ತಾಯದ ಚಿಕಿತ್ಸೆ, ಅದೂ ಮೊದ್ಲು 56 ದಿನ. ನನ್ಗೆ ಇಷ್ಟ ಆಗಿದ್ದು ದಿನದ ಲೆಕ್ಕ ಅಲ್ಲ, ಅಲ್ಲಿ ಮನೆಯವ್ರು ಅರ್ಜಿ ಕೊಡೋಕೆ ಹೊರಟ್ರೆ ವೈದ್ಯಕೀಯ ತಪಾಸಣೆಗೆ ಏರ್ಪಾಡು ಮಾಡ್ಸೋಕೆ ಸಹಾಯ ಮಾಡೋ ಅಧಿಕಾರಿ ಇದ್ದಾರೆ. ನಮ್ಗೂ ಅಂಥದ್ದು ಬೇಕು, ಸೋಮವಾರಪೇಟೆಯ ಒಳಗಿನ ಹಳ್ಳಿಗೂ, ಸಿದ್ದಾಪುರದ ಲೈನ್‌ಮನೆಗೂ ಬರೋ ಹಾಗಿರ್ಬೇಕು. ತೋಟದ ಕೆಲ್ಸದವ್ರ ಮನೇಲಿ ಕುಡಿದು ಬಿದ್ದವ್ರಿಗೆ ವ್ಯಾನೂ ಬರಲ್ಲ, ಡಾಕ್ಟರೂ ಬರಲ್ಲ.

ಆತ ಮಾರನೇ ದಿನ ಹೋದ, ಚಿಕ್ಕಪ್ಪ ಜೊತೆಗಿದ್ರು. ಡಾಕ್ಟರ್‌ಗಳು ನೋಡಿ ಅಡ್ಮಿಟ್ ಮಾಡ್ಕೊಂಡ್ರು, ಮೊದಲ ಕೆಲವು ದಿನ ಕಷ್ಟಾನೇ ಆಯ್ತು, ನಡುಕ ಇಳಿದು ತಲೆ ತಿಳಿಯಾದ ಮೇಲೆ ಉಳಿದ ದಿನ ತಾನಾಗೇ ಇದ್ದ. ಒಂದೆರಡು ಸಲ ಮತ್ತೆ ಜಾರಿದ್ದಾನೆ, ಅದನ್ನ ಮುಚ್ಚಿಡಲ್ಲ. ಆದ್ರೆ ಚೆನ್ನಾಗಿದ್ದ ದಿನಗಳಲ್ಲೇ ಮುಂಗಡ ನಿರ್ದೇಶನ ಬರೆಸಿದ್ವಿ, ಇದೇ ಕಾಯ್ದೆಯಲ್ಲಿ ಇದಕ್ಕೂ ಅವಕಾಶ ಇದೆ, ಮುಂದೆ ತನ್ಗೆ ನಿರ್ಧರಿಸೋಕೆ ಆಗದಿದ್ದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ಯಾರು ತನ್ನ ಪರವಾಗಿ ಮಾತಾಡ್ಬೇಕು ಅಂತ. ಹೆಂಡ್ತಿ ಹೆಸರು ಹಾಕಿದ. ಮಗಳು ಸ್ಕೂಲಿಗೆ ಹೋದ ಮೇಲೆ ಕರ್ಕೊಂಡು ಹೋಗಿ ಅಂತ ತಾನೇ ಸೇರಿಸಿದ. ಮನೇಲಿ ಯಾರಾದ್ರೂ ಸದ್ಯಕ್ಕೆ ಬಿಟ್ಟು ಚೆನ್ನಾಗಿದ್ರೆ ಇದನ್ನ ಈಗ್ಲೇ ಬರೆಸಿ, ಮತ್ತೆ ಶುರುವಾಗೋ ತನಕ ಕಾಯ್ಬೇಡಿ.

ಆಸ್ಪತ್ರೆಗೆ ಹೋಗೋ ಮುಂಚೆ ಯಾರ ಹತ್ರನಾದ್ರೂ ಕೇಳ್ಬೇಕು ಅಂದ್ರೆ ವ್ಯಸನಮುಕ್ತಿಗೆ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416, ಎರಡೂ ಫ್ರೀ. ಫೋನ್ ಮಾಡೋವಾಗ ಅವ್ರು ಕೊನೇ ಸಲ ಕುಡಿದಿದ್ದು ಯಾವಾಗ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ, ಮನೇಲಿ ಕೋವಿ ಇದೆಯಾ, ಇಷ್ಟನ್ನ ಮೊದ್ಲು ಹೇಳಿ.